ಕೋಲಾರಕ್ಕೆ ಒಂದು ಸುತ್ತು: ಮೊದಲು ಬೆಟ್ಟ, ಆಮೇಲೆ ಕೋಟೆ

ಕೋಲಾರವನ್ನು ಕಾಲ್ನಡಿಗೆಯಲ್ಲಿ ಸುತ್ತಬೇಕು ಅಂತಿದ್ದರೆ ಒಂದು ಮಾತು ಮೊದಲೇ ಕೇಳಿಸಿಕೊಳ್ಳಿ. ಬೆಟ್ಟ ಮೊದಲು, ಊರು ಆಮೇಲೆ. ಬಸ್ಸಿಳಿದವರಲ್ಲಿ ಮುಕ್ಕಾಲು ಪಾಲು ಜನ ಇದನ್ನು ಉಲ್ಟಾ ಮಾಡುತ್ತಾರೆ. ಕೋಲಾರಮ್ಮನ ಗುಡಿ ಊರೊಳಗೇ ಇದೆಯಲ್ಲ ಅಂತ ಸೀದಾ ಅಲ್ಲಿಗೆ ಹೋಗುತ್ತಾರೆ. ಸೋಮೇಶ್ವರನ ಗುಡಿಯಲ್ಲಿ ಫೋಟೊ ತೆಗೆಯುತ್ತಾರೆ, ನಿಧಾನಕ್ಕೆ ತಿಂಡಿ ತಿನ್ನುತ್ತಾರೆ. ಹನ್ನೊಂದು ಗಂಟೆ ಬಿಸಿಲಿಗೆ ಅಂತರಗಂಗೆ ಬೆಟ್ಟದ ಮೆಟ್ಟಿಲ ಕೆಳಗೆ ನಿಂತು, "ಆಟೋ ಗುಡಿವರೆಗೂ ಹೋಗಲ್ವಾ?" ಅಂತ ಕೇಳುತ್ತಾರೆ. ಹೋಗಲ್ಲ ಸ್ವಾಮಿ.

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಬೆಂಗಳೂರು, ಕೋಲಾರ, ಮುಳಬಾಗಿಲು, ಚಿತ್ತೂರು ನನ್ನ ರೂಟು. ನನ್ನ ಪ್ಯಾಸೆಂಜರ್‌ಗಳಿಗೆ ಕೋಲಾರ ಅಂದರೆ ಒಂದು ಟೀ ಕುಡಿಯುವಷ್ಟು ಹೊತ್ತಿನ ಸ್ಟಾಪು, ಅಷ್ಟೇ. ತಿರುಪತಿಗೆ ಹೋಗುವವರು, ಕುರುಡುಮಲೆ ಗಣಪತಿಗೆ ಹೋಗುವವರು, ಯಾರೂ ಕಿಟಕಿಯಿಂದ ಆಚೆ ಸರಿಯಾಗಿ ನೋಡುತ್ತಿರಲಿಲ್ಲ. ಊರಿನಲ್ಲೇ ಹುಟ್ಟಿದ ನನಗೆ ಇದು ಒಳಗೊಳಗೇ ಕೊರೆಯುತ್ತಿತ್ತು. ರಿಟೈರ್ ಆದಮೇಲೆ ನೆಂಟರ ಮಕ್ಕಳು ಭಾನುವಾರ ಬೆಂಗಳೂರಿನಿಂದ ಬಂದರೆ ಬಿಡುವುದಿಲ್ಲ. ಬೆಳಿಗ್ಗೆ ಎಬ್ಬಿಸಿ ಈ ಸುತ್ತಿಗೆ ಹೊರಡಿಸುತ್ತೇನೆ. ಎಲ್ಲ ಸೇರಿ ಹತ್ತು ಕಿಲೋಮೀಟರ್ ಆಸುಪಾಸು. ಬಸ್ ನಿಲ್ದಾಣದಲ್ಲಿ ಶುರು, ಅಲ್ಲೇ ಮುಕ್ತಾಯ.

ಹೊರಡುವ ಮೊದಲು ಕಾಲಿನ ವಿಷಯ. ಲೇಸ್ ಇರುವ ಶೂ ಬೇಡ. ಈ ಸುತ್ತಿನಲ್ಲಿ ಮೂರು ನಾಲ್ಕು ಕಡೆ ಬಿಚ್ಚಬೇಕು. ಹಿಂದೆ ಪಟ್ಟಿ ಇರುವ ಚಪ್ಪಲಿ ಸಾಕು, ಅದು ಮೆಟ್ಟಿಲಿಗೂ ಆಗುತ್ತೆ. ಚೀಲದಲ್ಲಿ ಒಂದು ಜೊತೆ ಹಳೇ ಸಾಕ್ಸ್ ಇರಲಿ. ಮಧ್ಯಾಹ್ನದ ಹೊತ್ತಿಗೆ ಗುಡಿ ಅಂಗಳದ ಕಲ್ಲು ಹೇಗೆ ಕಾಯುತ್ತದೆ ಅಂದರೆ, ಭಕ್ತಿ ಇದ್ದವರೂ ಪ್ರದಕ್ಷಿಣೆ ಓಡೋಡಿ ಮುಗಿಸುತ್ತಾರೆ. ಕಾಲ ಅಂದರೆ ನವೆಂಬರಿನಿಂದ ಫೆಬ್ರವರಿ. ಏಪ್ರಿಲ್, ಮೇ ತಿಂಗಳಲ್ಲಿ ಬರಬೇಡಿ. ಬಂದೇ ಬರುತ್ತೇನೆ ಅಂದರೆ ಶ್ರೀನಿವಾಸಪುರದ ಮಾವಿನಹಣ್ಣು ತಗೊಂಡು ವಾಪಸ್ ಹೋಗಿ, ನಡಿಗೆ ಬೇಡ.

ಆರು ಗಂಟೆಗೆಲ್ಲ ಬಸ್ ನಿಲ್ದಾಣ ಬಿಟ್ಟು ಅಂತರಗಂಗೆ ರಸ್ತೆ ಹಿಡಿಯಿರಿ. ಸುಮಾರು ಮೂರು ಕಿಲೋಮೀಟರ್. ಎದುರಿಗೆ ಬೆಟ್ಟ ಕಾಣುತ್ತಲೇ ಇರುತ್ತದೆ, ದಾರಿ ತಪ್ಪುವ ಮಾತಿಲ್ಲ. ಕೇಳಬೇಕೆನಿಸಿದರೆ "ಅಣ್ಣಾ, ಅಂತರಗಂಗೆಗೆ ಹೆಂಗೆ?" ಅಂತ ಯಾರನ್ನಾದರೂ ಕೇಳಿ. ಉತ್ತರ ಅರ್ಧ ತೆಲುಗಿನಲ್ಲಿ ಬಂದರೆ ಗಾಬರಿ ಬೇಡ. ನಮ್ಮೂರಲ್ಲಿ ಒಂದೇ ವಾಕ್ಯದಲ್ಲಿ ಎರಡು ಭಾಷೆ ಹತ್ತಿ ಇಳಿಯುತ್ತವೆ. ಕೈ ತೋರಿಸಿದ ಕಡೆ ಹೋದರೆ ಆಯಿತು.

ಈ ಬೆಟ್ಟಸಾಲಿಗೆ ಶತಶೃಂಗ ಅಂತ ಹೆಸರು. ಬಂಡೆ ಮೇಲೆ ಬಂಡೆ ಪೇರಿಸಿಟ್ಟ ಹಾಗಿದೆ. ಜಮದಗ್ನಿ, ರೇಣುಕೆ, ಪರಶುರಾಮ, ಕಾರ್ತವೀರ್ಯಾರ್ಜುನ, ಎಲ್ಲರ ಕಥೆಯನ್ನೂ ಊರಿನ ಹಿರಿಯರು ಇಲ್ಲಿಗೇ ತಂದು ಕಟ್ಟುತ್ತಾರೆ. ಮೆಟ್ಟಿಲು ಹತ್ತುವಾಗ ಅವಸರ ಮಾಡಬೇಡಿ. ಎಷ್ಟು ಮೆಟ್ಟಿಲು ಅಂತ ಮಕ್ಕಳು ಎಣಿಸುತ್ತಾರೆ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಸರಿಹೋಗಿದ್ದು ನಾನು ನೋಡಿಲ್ಲ.

ಮೆಟ್ಟಿಲ ಬುಡದಲ್ಲಿ ಹೂವು ಮಾರುವ ಅಜ್ಜಿಯೊಬ್ಬರು ನನ್ನನ್ನು ಕಂಡಾಗಲೆಲ್ಲ "ಏನ್ ಕಂಡಕ್ಟ್ರಪ್ಪಾ, ಇವತ್ತು ಎಷ್ಟು ಪ್ಯಾಸೆಂಜರ್?" ಅಂತ ಕೇಳುತ್ತಾರೆ. ಹೂವು ಅವರ ಹತ್ತಿರ ತಗೊಳ್ಳಿ, ಬಾಳೆಹಣ್ಣು ಮಾತ್ರ ಬೇಡ. ಕಾರಣ ಕೋತಿಗಳು. ಪ್ಲಾಸ್ಟಿಕ್ ಕವರಿನ ಸದ್ದು ಕೇಳಿದರೆ ಸಾಕು, ಬಂಡೆ ಮರೆಯಿಂದ ಇಳಿದು ಬರುತ್ತವೆ. ಬಟ್ಟೆ ಚೀಲವನ್ನು ಎದೆ ಮೇಲೆ ಹಾಕಿಕೊಳ್ಳಿ, ಕೈಯಲ್ಲಿ ಏನೂ ಹಿಡಿಯಬೇಡಿ, ಕನ್ನಡಕ ಜೋಪಾನ. ಕಿತ್ತುಕೊಂಡರೆ ಬಿಟ್ಟುಬಿಡಿ. ಕೋತಿ ಹತ್ತಿರ ಜಗಳಕ್ಕೆ ಹೋದವರು ಯಾರೂ ಗೆದ್ದಿಲ್ಲ.

ಮೇಲೆ ಕಾಶಿ ವಿಶ್ವೇಶ್ವರನ ಗುಡಿ, ಪಕ್ಕದಲ್ಲಿ ಕಲ್ಯಾಣಿ, ಕಲ್ಲಿನ ಬಸವನ ಬಾಯಿಂದ ನೀರು. ಇಷ್ಟೇನಾ ಅನ್ನಬೇಡಿ. ಒಂದು ಹತ್ತು ನಿಮಿಷ ಆ ಬಸವನ ಎದುರು ನಿಂತು ನೋಡಿ. ನೀರು ಧೋ ಅಂತ ಸುರಿಯುವುದಿಲ್ಲ, ಒಂದೇ ಸಮನೆ ಬೀಳುತ್ತದೆ. ಬಾಯಿಯ ಕೆಳಗಿನ ಕಲ್ಲು ನುಣ್ಣಗೆ ಸವೆದಿದೆ, ಅಂಚಿನಲ್ಲಿ ಪಾಚಿ. ಊರಿನವರು ಬಾಟಲಿ, ಕ್ಯಾನು ತಂದು ಸಾಲಾಗಿ ನಿಲ್ಲುತ್ತಾರೆ. ಒಬ್ಬರು ತುಂಬಿಸಿಕೊಂಡು ಸರಿಯುತ್ತಾರೆ, ಇನ್ನೊಬ್ಬರು ಬರುತ್ತಾರೆ, ನೀರು ಮಾತ್ರ ಜಾಸ್ತಿಯೂ ಆಗಲ್ಲ, ಕಮ್ಮಿಯೂ ಆಗಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಲ್ಲಿ ಬೇಸಿಗೆಯಲ್ಲೂ ನಿಲ್ಲದ ನೀರು ಅಂದರೆ ಜನ ಕೈ ಮುಗಿಯದೆ ಇರುತ್ತಾರಾ? ಮಳೆನೀರು ಬಂಡೆಗಳ ಸಂದಿಯಲ್ಲಿ ಇಂಗಿ, ಒಳಗೊಳಗೇ ಹರಿದು ನಿಧಾನಕ್ಕೆ ಇಲ್ಲಿ ಹೊರಗೆ ಬರುತ್ತದೆ. ವಿಷಯ ಗೊತ್ತಿದ್ದರೂ ಕೈ ಮುಗಿಯುತ್ತೇನೆ, ಅದು ಬೇರೆ ಮಾತು. ಕಾರ್ತಿಕ ಸೋಮವಾರ ಮತ್ತು ಶಿವರಾತ್ರಿಯಲ್ಲಿ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಡಿಗೆಗೆ ಅಂತ ಬರುವವರು ಆ ದಿನಗಳನ್ನು ಬಿಡಿ.

ಗುಡಿಯಿಂದ ಮೇಲಕ್ಕೆ ಗುಹೆಗಳಿವೆ, ಬೆಟ್ಟದ ಮೇಲೆ ತೇರಹಳ್ಳಿಯಂಥ ಹಳ್ಳಿಗಳೂ ಇವೆ. ಅದನ್ನು ಇದೇ ದಿನಕ್ಕೆ ಸೇರಿಸಬೇಡಿ. ಗುಹೆ ನೋಡಬೇಕು ಅಂದರೆ ಜಾಗ ಬಲ್ಲವರೊಬ್ಬರನ್ನು ಕರೆದುಕೊಂಡು, ಟಾರ್ಚ್ ಇಟ್ಟುಕೊಂಡು ಇನ್ನೊಂದು ದಿನ ಬನ್ನಿ. ಸುಮ್ನೆ ಹುಡುಗರು ಹುಡುಗರೇ ನುಗ್ಗುವ ಜಾಗ ಅಲ್ಲ.

ಎಂಟು, ಎಂಟೂವರೆಗೆ ಇಳಿದು ವಾಪಸ್ ಊರಿಗೆ. ತಿಂಡಿ ಈಗ. ಅವರೆಕಾಯಿ ಕಾಲದಲ್ಲಿ ಬಂದಿದ್ದರೆ ಅವರೆಕಾಳು ಉಪ್ಪಿಟ್ಟು ಎಲ್ಲಿ ಸಿಗುತ್ತೆ ಅಂತ ಕೇಳಿಕೊಂಡು ಹೋಗಿ. ಇಲ್ಲದಿದ್ದರೆ ಇಡ್ಲಿ ವಡೆ.

ಅಲ್ಲಿಂದ ಕ್ಲಾಕ್ ಟವರ್ ಕಡೆ. ಬೆಳಿಗ್ಗೆ ಹೊತ್ತು ಅಲ್ಲಿ ಗಾಡಿ, ಆಟೋ, ಸ್ಕೂಲ್ ಮಕ್ಕಳು ಎಲ್ಲ ಒಂದೇ ಕಡೆ ನುಗ್ಗುತ್ತಾರೆ. ಗಡಿಯಾರ ನೋಡುವುದು ಎರಡು ನಿಮಿಷದ ಕೆಲಸ. ನೋಡಬೇಕಾದ್ದು ಮಕ್ಬರಾ. "ಹೈದರಾಲಿ ತಂದೆ ಗೋರಿ ಎಲ್ಲಿ?" ಅಂದರೆ ತೋರಿಸುತ್ತಾರೆ.

ಇದನ್ನು ಬಿಟ್ಟು ಹೋಗುವವರೇ ಜಾಸ್ತಿ, ಅದಕ್ಕೆ ಸ್ವಲ್ಪ ಹೇಳುತ್ತೇನೆ. ಹೈದರನ ತಂದೆ ಫತೇ ಮಹಮ್ಮದ್ ಸಿರಾದ ನವಾಬರ ಕೆಳಗೆ ಕೋಲಾರದ ಫೌಜುದಾರನಾಗಿದ್ದ, ಅಂದರೆ ಇಲ್ಲಿನ ಸೇನೆಯ ಅಧಿಕಾರಿ. ಬೂದಿಕೋಟೆ ಅವನ ಜಹಗೀರು. ಹೈದರ್ ಹುಟ್ಟಿದ್ದು ಆ ಬೂದಿಕೋಟೆಯಲ್ಲೇ. ಈಗ ಅದು ಬಂಗಾರಪೇಟೆ ತಾಲ್ಲೂಕು. 1782ರ ಡಿಸೆಂಬರ್‌ನಲ್ಲಿ, ಇಂಗ್ಲಿಷರ ಜೊತೆ ಯುದ್ಧ ನಡೆಯುತ್ತಿದ್ದಾಗಲೇ, ಹೈದರ್ ಚಿತ್ತೂರಿನ ಹತ್ತಿರ ಪಾಳೆಯದಲ್ಲಿ ತೀರಿಕೊಂಡ. ಟಿಪ್ಪು ಇದ್ದದ್ದು ದೂರದ ಮಲಬಾರಿನ ಕಡೆ. ಸುದ್ದಿ ಹೊರಗೆ ಬಿದ್ದರೆ ಸೈನ್ಯ ಚೆದುರಿಹೋಗುತ್ತೆ ಅಂತ ಸಾವನ್ನು ಮುಚ್ಚಿಟ್ಟು, ದೇಹವನ್ನು ಗುಟ್ಟಾಗಿ ಕೋಲಾರಕ್ಕೆ ತಂದು ಅವನ ತಂದೆಯ ಗೋರಿಯ ಪಕ್ಕ ಇಟ್ಟರು. ಶ್ರೀರಂಗಪಟ್ಟಣದ ಗುಂಬಜ್‌ಗೆ ಒಯ್ದದ್ದು ಆಮೇಲೆ. ಚಿತ್ತೂರಿನಿಂದ ಕೋಲಾರಕ್ಕೆ ನಾನು ವರ್ಷಗಟ್ಟಲೆ ಟಿಕೆಟ್ ಹರಿದಿದ್ದೇನೆ. ಅದೇ ಕಡೆಯಿಂದ ಒಂದು ರಾಜ್ಯದ ಗುಟ್ಟು ಹೀಗೆ ಬಂತು ಅಂತ ಗೊತ್ತಾದಮೇಲೆ ಮುಳಬಾಗಿಲು ದಾರಿಯಲ್ಲಿ ನಿದ್ದೆ ಮಾಡುವ ಪ್ಯಾಸೆಂಜರ್‌ಗಳನ್ನು ಎಬ್ಬಿಸಿ ಹೇಳೋಣ ಅನಿಸುತ್ತಿತ್ತು. ಒಳಗೆ ಹೋಗುವಾಗ ಚಪ್ಪಲಿ ಬಿಡಿ, ತಲೆ ಮೇಲೆ ಕರ್ಚೀಫ್ ಹಾಕಿಕೊಳ್ಳಿ, ಮಾತು ಮೆಲ್ಲಗಿರಲಿ.

ಈಗ ಕೋಟೆ ಕಡೆ ನಡೆಯಿರಿ. ಕೋಟೆ ಅಂದಾಕ್ಷಣ ಚಿತ್ರದುರ್ಗದಂಥ ಗೋಡೆ ಹುಡುಕಬೇಡಿ. ಇಲ್ಲಿ ಕೋಟೆ ಅನ್ನುವುದು ಬಡಾವಣೆಯ ಹೆಸರು. ಎರಡು ಗುಡಿ ಅಕ್ಕಪಕ್ಕದಲ್ಲೇ ಇವೆ. ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಹಾಗಾಗಿ ಹತ್ತು ಗಂಟೆಗೆಲ್ಲ ಇಲ್ಲಿರಬೇಕು. ಮೊದಲು ಸೋಮೇಶ್ವರ, ಆಮೇಲೆ ಕೋಲಾರಮ್ಮ.

ಸೋಮೇಶ್ವರನ ಗುಡಿ ವಿಜಯನಗರ ಕಾಲದ್ದು. ಬೀದಿಯ ಮನೆಗಳ ನಡುವೆ ಇದ್ದಕ್ಕಿದ್ದಂತೆ ಎತ್ತರದ ಗೋಪುರ ಎದುರಾಗುತ್ತದೆ. ಹೊಸಬರು ಇಲ್ಲಿ ನಿಂತೇ ನಿಲ್ಲುತ್ತಾರೆ, ಹೋಲ್ಡಾನ್ ಹೇಳುವ ಕೆಲಸ ನನಗಿಲ್ಲ. ಕೆಳಗೆ ಕಲ್ಲು, ಮೇಲೆ ಇಟ್ಟಿಗೆ ಮತ್ತು ಗಾರೆ. ಒಳಗೆ ಹೋದವರು ಲಿಂಗಕ್ಕೆ ಕೈ ಮುಗಿದು ಹಾಗೇ ಹೊರಗೆ ಬಂದುಬಿಡುತ್ತಾರೆ. ಕಲ್ಯಾಣ ಮಂಟಪ ನೋಡದೆ ಬರಬೇಡಿ. ಅದರ ಕಂಬಗಳಲ್ಲಿ ಬೆರಳಿಡುವಷ್ಟು ಜಾಗವನ್ನೂ ಖಾಲಿ ಬಿಟ್ಟಿಲ್ಲ. ಒಂದು ಕಂಬ ಆರಿಸಿಕೊಂಡು ಬುಡದಿಂದ ಮೇಲಕ್ಕೆ ನೋಡುತ್ತಾ ಹೋಗಿ. ಎಲ್ಲವನ್ನೂ ನೋಡಲು ಹೋದರೆ ಏನೂ ನೆನಪಿರಲ್ಲ. ಎರಡೂ ಗುಡಿಗಳು ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಇಂಥ ಜಾಗದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಸುತ್ತಮುತ್ತಲಿನ ಮನೆಯವರಿಗೆ ಅದು ಕಷ್ಟ ಹೌದು. ಆದರೆ ಗೋಪುರದ ಪಕ್ಕ ನಾಲ್ಕು ಮಹಡಿ ಎದ್ದಿದ್ದರೆ ನೋಡುವುದಕ್ಕೆ ಏನಿರುತ್ತಿತ್ತು ಹೇಳಿ.

ಕೋಲಾರಮ್ಮನ ಗುಡಿಗೆ ದೊಡ್ಡ ಗೋಪುರದ ಆಡಂಬರ ಇಲ್ಲ. ಇದು ಅದಕ್ಕಿಂತ ಹಳೆಯದು. ಗಂಗರು ತಲಕಾಡಿಗೆ ಹೋಗುವ ಮೊದಲು ಅವರ ರಾಜಧಾನಿ ನಮ್ಮೂರೇ. ಆಗಿನ ಹೆಸರು ಕುವಳಾಲ. ರಾಜಧಾನಿ ಹೋದಮೇಲೂ ಗಂಗರಾಜರು "ಕುವಳಾಲಪುರವರೇಶ್ವರ" ಅನ್ನುವ ಬಿರುದು ಬಿಡಲಿಲ್ಲ. ಆಮೇಲೆ ಬಂದವರು ಚೋಳರು. ಈ ಸೀಮೆಗೆ ನಿಗರಿಲಿ ಚೋಳ ಮಂಡಲ ಅಂತ ಹೆಸರಿಟ್ಟರು. 11ನೇ ಶತಮಾನದಲ್ಲಿ ರಾಜೇಂದ್ರ ಚೋಳನ ಅಪ್ಪಣೆಯಂತೆ ಅವನ ಅಧಿಕಾರಿಯೊಬ್ಬ ಇಟ್ಟಿಗೆಯಲ್ಲಿದ್ದ ಭಾಗವನ್ನು ಕಲ್ಲಿನಲ್ಲಿ ಕಟ್ಟಿಸಿದ.

ಅದನ್ನು ಯಾರೋ ಹೇಳಿದ್ದು ಅಂತ ನಂಬಬೇಕಾಗಿಲ್ಲ, ಗೋಡೆಯ ಬುಡಕ್ಕೆ ಹೋಗಿ ಕೂತುಕೊಳ್ಳಿ. ಸಾಲು ಸಾಲು ಅಕ್ಷರ ಕಾಣುತ್ತವೆ. ತಮಿಳು. ಬೆಂಗಳೂರಿನ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ, "ತಾತ, ನಮ್ಮೂರಲ್ಲಿ ತಮಿಳು ಯಾಕೆ?" ಚೋಳರು ಅವರ ಭಾಷೆಯಲ್ಲೇ ತಾನೇ ಬರೆಸುವುದು. ನೇರ ಬಿಸಿಲಿನಲ್ಲಿ ಅಕ್ಷರ ಸರಿಯಾಗಿ ಕಾಣುವುದಿಲ್ಲ, ಪಕ್ಕದಿಂದ ಬೆಳಕು ಬಿದ್ದರೆ ಎದ್ದು ಕಾಣುತ್ತವೆ. ಮೊಬೈಲ್ ಟಾರ್ಚನ್ನು ಗೋಡೆಗೆ ಒತ್ತಿ ಅಡ್ಡಲಾಗಿ ಹಿಡಿದು ನೋಡಿ. ಅಕ್ಷರದ ಮೇಲೆ ಸೀಮೆಸುಣ್ಣ ಉಜ್ಜಬೇಡಿ, ಕೈಯ ಕುಂಕುಮ ಗೋಡೆಗೆ ಒರೆಸಬೇಡಿ. ಪ್ರಸಾದದ ಕುಂಕುಮ ಹೆಚ್ಚಾದರೆ ಕಾಗದದಲ್ಲಿ ಕಟ್ಟಿಕೊಳ್ಳಿ. ಇದೊಂದು ವಿಷಯಕ್ಕೆ ನಾನು ಗೊತ್ತಿಲ್ಲದವರಿಗೂ ಗದರುತ್ತೇನೆ.

ಒಳಗೆ ಅಮ್ಮನನ್ನು ನೇರವಾಗಿ ನೋಡುವ ಪದ್ಧತಿ ಇಲ್ಲ, ಕನ್ನಡಿಯಲ್ಲಿ ನೋಡಬೇಕು. ಮೊದಲ ಸಲ ಬಂದವರು ಎಲ್ಲಿ ಅಂತ ತಡಕಾಡುತ್ತಾರೆ. ಮುಂದೆ ನಿಂತವರ ಕಣ್ಣು ಎಲ್ಲಿದೆ ನೋಡಿ, ಅಲ್ಲಿ ನೀವೂ ನೋಡಿ. ಇನ್ನೊಂದು ಗುಡಿ ಚೇಳಮ್ಮನದು. ಇವಳಿಗೆ ನಡೆದುಕೊಂಡರೆ ಚೇಳು ಕಚ್ಚುವುದಿಲ್ಲ ಅಂತ ನಂಬಿಕೆ. ಇಲ್ಲಿನ ಹುಂಡಿ ನೆಲದೊಳಗಿದೆ. ಕಾಸು ಹಾಕುವುದಾದರೆ ನಾಣ್ಯವೇ ಹಾಕಿ, ಚಿಲ್ಲರೆ ಮೊದಲೇ ಇಟ್ಟುಕೊಂಡಿರಿ. ಮಂಗಳವಾರ, ಶುಕ್ರವಾರ ಜನ ಜಾಸ್ತಿ. ಗರ್ಭಗುಡಿಯ ಫೋಟೊ ತೆಗೆಯಬೇಡಿ.

ಹನ್ನೆರಡಕ್ಕೆ ಸುತ್ತಿನ ದೊಡ್ಡ ಭಾಗ ಮುಗಿಯಿತು. ಯಾವುದಾದರೂ ಮೆಸ್ಸಿನಲ್ಲಿ ಮುದ್ದೆ, ಬಸ್ಸಾರು ಊಟ ಮಾಡಿ. ಮುದ್ದೆ ಅಭ್ಯಾಸ ಇಲ್ಲದವರು ಅರ್ಧ ಹಾಕಿಸಿಕೊಳ್ಳಿ, ಆಮೇಲೆ ನಿದ್ದೆ ಎಳೆಯುತ್ತೆ.

ಸಂಜೆವರೆಗೆ ಪುರುಸೊತ್ತು ಇದ್ದರೆ ನಾಲ್ಕೂವರೆ ಮೇಲೆ ಕೋಲಾರಮ್ಮ ಕೆರೆ ಕಡೆ ಹೋಗಿ. ಸಮುದ್ರದ ಊರಿನವರು ಬೀಚಿಗೆ ಹೋಗುತ್ತಾರೆ, ನಮಗಿರುವುದು ಕೆರೆ. ಅದೂ ಎಷ್ಟೋ ವರ್ಷ ಒಣಗಿದ ಕೆರೆಗಳನ್ನೇ ನೋಡಿದವರು ನಾವು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆ ಶುರುವಾಗಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರತೊಡಗಿತು. ಅಂತರ್ಜಲ ಏರಿತು ಅನ್ನುವವರೂ ಇದ್ದಾರೆ, ಆ ನೀರು ಇನ್ನೂ ಶುದ್ಧವಾಗಬೇಕು ಅಂತ ಜಗಳಕ್ಕೆ ನಿಲ್ಲುವವರೂ ಇದ್ದಾರೆ. ಎರಡೂ ಮಾತು ನಿಮಗೆ ಒಂದೇ ಟೀ ಅಂಗಡಿಯಲ್ಲಿ ಕೇಳಿಸುತ್ತೆ. ಟೀ ಕುಡಿಯುತ್ತಾ ಕೇಳಿಸಿಕೊಳ್ಳಿ, ತೀರ್ಪು ಕೊಡಲು ಹೋಗಬೇಡಿ. ಕತ್ತಲಾಗುವ ಮೊದಲು ಅಲ್ಲಿಂದ ಹೊರಟುಬಿಡಿ.

ಬಸ್ ನಿಲ್ದಾಣಕ್ಕೆ ಬರುವ ದಾರಿಯಲ್ಲಿ ಬಂಗಾರಪೇಟೆ ಪಾನಿಪುರಿ ಅಂತ ಬೋರ್ಡ್ ಕಂಡರೆ ನಿಲ್ಲಿ. ನೀರು ಹಸಿರು ಇರಲ್ಲ, ಕುಡಿಯುವ ನೀರಿನ ಹಾಗೆ ತಿಳಿಯಾಗಿರುತ್ತೆ. ಖಾರ ಇಲ್ಲ ಅಂದುಕೊಳ್ಳಬೇಡಿ.

ಇನ್ನು ಬಸ್ಸು. ಭಾನುವಾರ ಸಂಜೆ ಬೆಂಗಳೂರು ಕಡೆ ಹೋಗುವ ಬಸ್ಸುಗಳು ಮುಳಬಾಗಿಲಿನಿಂದಲೇ ತುಂಬಿ ಬರುತ್ತವೆ. ಹೈವೇಯಲ್ಲಿ ನಿಂತು ಕೈ ಅಡ್ಡ ಹಾಕಬೇಡಿ. ನಿಲ್ದಾಣದ ಒಳಗೆ ಹೋಗಿ ಕೋಲಾರದಿಂದಲೇ ಹೊರಡುವ ಬಸ್ಸು ಯಾವುದು ಅಂತ ಕೇಳಿ, ಅದಕ್ಕೆ ಹತ್ತಿ. ಕೊನೇ ಸೀಟು ಬೇಡ, ಹಂಪ್ಸ್ ಬಂದಾಗ ತಿಂದ ಪಾನಿಪುರಿ ನೆನಪಿಸುತ್ತೆ. ಕಂಡಕ್ಟರಿಗೆ ಐನೂರರ ನೋಟು ಕೊಡಬೇಡಿ.