ಉಪ್ಪುಗಾಳಿ, ಮಳೆಗಾಲ ಮತ್ತು ನನ್ನ ಬೈನಾಕ್ಯುಲರ್

ಪಕ್ಷಿವೀಕ್ಷಣೆಗೆಂದು ಬೈನಾಕ್ಯುಲರ್ ಕೊಳ್ಳಲು ಹೊರಟವರು ನನ್ನನ್ನು ಮೊದಲು ಕೇಳುವುದು ಅದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸಬೇಕು ಎಂಬುದನ್ನು. ಮಂಗಳೂರಿನಲ್ಲಿ ನೆಲೆಸಿ, ನೇತ್ರಾವತಿಯ ಅಳಿವೆಯಿಂದ ಆಗುಂಬೆಯ ಕಾಡಿನವರೆಗೆ ಈ ಸಲಕರಣೆಯನ್ನು ಕೊರಳಿಗೆ ಹಾಕಿಕೊಂಡು ತಿರುಗಿದ ಮೇಲೆ ನಾನು ಆ ಪ್ರಶ್ನೆಗೆ ಮೂರನೆಯ ಸ್ಥಾನ ಕೊಡುತ್ತೇನೆ. ನೀರೂ ತೇವವೂ ನುಗ್ಗದಂತೆ ಅದನ್ನು ಭದ್ರವಾಗಿ ಮುಚ್ಚಿದ್ದಾರೆಯೇ ಎಂಬುದು ಮೊದಲನೆಯದು. ನಮ್ಮ ಕಣ್ಣಿಗೂ ಕನ್ನಡಕಕ್ಕೂ ಅದು ಹೊಂದುತ್ತದೆಯೇ ಎಂಬುದು ಎರಡನೆಯದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ, ಮಿಕ್ಕ ತಿಂಗಳುಗಳಲ್ಲಿಯೂ ಗಾಳಿಯಲ್ಲಿ ಉಪ್ಪಿನಂಶ ಇದ್ದೇ ಇರುವ ಈ ಊರಿನಲ್ಲಿ, ಲೆನ್ಸುಗಳು ಬಿದ್ದು ಒಡೆಯುವುದಕ್ಕಿಂತ ಇಟ್ಟಲ್ಲೇ ಬೂಷ್ಟು ಹಿಡಿದು ಹಾಳಾಗುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ಸೋದರಮಾವ ಬಹರೈನಿನಿಂದ ತಂದಿದ್ದ ಹಳೆಯ 7×50 ಬೈನಾಕ್ಯುಲರ್ ನಮ್ಮ ಮನೆಯ ಕಪಾಟಿನಲ್ಲಿ, ಅದರ ಜೊತೆಗೇ ಬಂದ ಚರ್ಮದ ಪೆಟ್ಟಿಗೆಯಲ್ಲಿ ಹಲವು ಮಳೆಗಾಲಗಳನ್ನು ಕಳೆದಿತ್ತು. ಹೊರನೋಟಕ್ಕೆ ಅದರಲ್ಲಿ ಯಾವ ಕುಂದೂ ಇರಲಿಲ್ಲ. ಕತ್ತಲೆಯ ಕೋಣೆಯಲ್ಲಿ ಮುಂದಿನ ಲೆನ್ಸಿಗೆ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದಾಗ ಮಾತ್ರ ಒಳಗಿನ ಪ್ರಿಸ್ಮಿನ ಮೇಲೆ ಜೇಡರ ಬಲೆಯಂತೆ ಕವಲೊಡೆದ ನವಿರಾದ ಬಿಳಿ ಎಳೆಗಳು ಅಂಚಿನಿಂದ ನಡುವಿನ ಕಡೆಗೆ ಹಬ್ಬಿರುವುದು ಕಾಣಿಸಿತು. ಗಾಳಿಯ ತೇವಾಂಶ ಶೇಕಡಾ 70ರ ಮೇಲೆ ಬಹಳ ದಿನ ನಿಂತರೆ ಈ ಶಿಲೀಂಧ್ರಕ್ಕೆ ಅನುಕೂಲ. ಧೂಳಿನ ಕಣ, ಬೆರಳಿನ ಜಿಡ್ಡು, ಚರ್ಮದ ಪುಡಿ ಇವೇ ಅದಕ್ಕೆ ಆಹಾರ. ಅದು ಸ್ರವಿಸುವ ಆಮ್ಲವು ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ. ಆದ್ದರಿಂದ ಬಿಚ್ಚಿ ಒರೆಸಿದರೆ ಎಳೆಗಳು ಹೋದರೂ ಅವು ಕೊರೆದ ಗುರುತು ಉಳಿದುಬಿಡುತ್ತದೆ.

ಆ ಹಳೆಯ ಬೈನಾಕ್ಯುಲರ್ ಪೋರೋ ಮಾದರಿಯದು. ಇಟಲಿಯ ಇಗ್ನಾಜಿಯೊ ಪೋರೋ 1854ರಲ್ಲಿ ಪೇಟೆಂಟ್ ಪಡೆದ ಪ್ರಿಸ್ಮ್ ಜೋಡಣೆ ಅದರಲ್ಲಿರುತ್ತದೆ. ಕಡಿಮೆ ಬೆಲೆಗೆ ಅದು ಕೊಡುವ ಚಿತ್ರದ ಗುಣಮಟ್ಟವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಆದರೆ ನಡುಚಕ್ರ ತಿರುಗಿಸಿ ಫೋಕಸ್ ಮಾಡುವ ಸಾಮಾನ್ಯ ಪೋರೋಗಳಲ್ಲಿ ಕಣ್ಣಿನ ಕಡೆಯ ಐಪೀಸುಗಳು ಹೊರಗೂ ಒಳಗೂ ಸರಿಯುತ್ತವೆ, ಸರಿದಾಗಲೆಲ್ಲ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತವೆ. ಕರಾವಳಿಯಲ್ಲಿ ಅದು ತೇವಕ್ಕೆ ಬಾಗಿಲು ತೆರೆದಿಟ್ಟಂತೆಯೇ. ನೇರ ಕೊಳವೆಗಳಂತೆ ಕಾಣುವ ರೂಫ್ ಪ್ರಿಸ್ಮ್ ಮಾದರಿಯಲ್ಲಿ ಫೋಕಸ್ ಮಾಡುವ ಲೆನ್ಸು ಒಳಗೇ ಚಲಿಸುವುದರಿಂದ ಇಡೀ ಒಡಲನ್ನು ರಬ್ಬರ್ ಉಂಗುರಗಳಿಂದ ಬಿಗಿದು, ಒಳಗಿನ ಗಾಳಿಯನ್ನು ತೆಗೆದು ಒಣ ನೈಟ್ರೋಜನ್ ತುಂಬುವುದು ಸುಲಭ. ನಾನು ಕೊಂಡದ್ದು ಇಂಥದ್ದನ್ನೇ. ಪೆಟ್ಟಿಗೆಯ ಮೇಲೆ ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಒಳಗೆ ನೀರು ಹೋಗದು ಎಂದರ್ಥ. ಐಪಿಎಕ್ಸ್4 ಆದರೆ ಹನಿ ಸಿಡಿದರೆ ತಡೆಯುತ್ತದೆ, ಅಷ್ಟೇ. ನೈಟ್ರೋಜನ್ ತುಂಬಿದ್ದರೂ ಹೊರಗಿನ ಗಾಜಿಗೆ ಬೂಷ್ಟು ಹಿಡಿಯಬಹುದೆಂಬುದನ್ನು ಮಾತ್ರ ಮರೆಯಬಾರದು.

ಇನ್ನು ಸಂಖ್ಯೆಗಳ ವಿಚಾರ. 8×42 ಎಂದರೆ ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಲೆನ್ಸು 42 ಮಿಲಿಮೀಟರ್ ಅಗಲವಿರುವ ಬೈನಾಕ್ಯುಲರ್. 42ನ್ನು 8ರಿಂದ ಭಾಗಿಸಿದರೆ ಬರುವ 5.25 ಮಿಲಿಮೀಟರ್, ಐಪೀಸಿನಿಂದ ಹೊರಬರುವ ಬೆಳಕಿನ ಕಂಬದ ಅಗಲ. 10×42ರಲ್ಲಿ ಅದು 4.2ಕ್ಕೆ ಇಳಿಯುತ್ತದೆ. ಪಣಂಬೂರಿನ ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುವುದರಿಂದ ಈ ಎರಡರ ನಡುವೆ ಬೆಳಕಿನ ವ್ಯತ್ಯಾಸವೇ ತಿಳಿಯುವುದಿಲ್ಲ. ಸೋಮೇಶ್ವರ ಅಭಯಾರಣ್ಯದ ಮರಗಳ ಕೆಳಗೆ ಸಂಜೆ ಐದೂವರೆಗೆ ಕಾಕರಣೆ ಹಕ್ಕಿಯನ್ನು ಹುಡುಕುವಾಗ ಚೆನ್ನಾಗಿಯೇ ತಿಳಿಯುತ್ತದೆ. ಕಡಲಿನಲ್ಲಂತೂ ಹತ್ತು ಪಟ್ಟಿನದು ಕೈಗೆ ಸಿಕ್ಕಿದರೂ ನಾನು ಒಯ್ಯುವುದಿಲ್ಲ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಮಲ್ಪೆಯಿಂದ ಹೊರಡುವ ಬೋಟಿನಲ್ಲಿ ನಿಂತು ಅಲೆಗೆ ತಾಗಿಕೊಂಡಂತೆ ಹಾರುವ ಕಡಲಹಕ್ಕಿ ಶಿಯರ್‌ವಾಟರನ್ನು ಹಿಂಬಾಲಿಸಬೇಕಾದರೆ, ಚಿತ್ರದ ಜೊತೆಗೆ ಕೈನಡುಕವೂ ಹತ್ತು ಪಟ್ಟಾಗುತ್ತದೆ, ನೋಟದ ಹರವೂ ಕಿರಿದಾಗುತ್ತದೆ. ಎಂಟು ಪಟ್ಟು ಸಾಕು. ‘ಝೂಮ್’ ಎಂದು ಬರೆದಿರುವ, ಮುಂದಿನ ಗಾಜು ಮಾಣಿಕ್ಯದಂತೆ ಕೆಂಪಗೆ ಹೊಳೆಯುವ ಅಗ್ಗದ ಮಾಲಿನ ಹತ್ತಿರವೂ ಸುಳಿಯಬೇಡಿ ಎಂದೇ ನನ್ನ ಸಲಹೆ.

ಅಂಗಡಿಯಲ್ಲಿ ನಾನು ಮಾಡುವ ಪರೀಕ್ಷೆಗಳು ಸರಳ. ಬೈನಾಕ್ಯುಲರನ್ನು ಮುಖದಿಂದ ಒಂದಡಿ ದೂರ ಹಿಡಿದು ಬೆಳಕಿನ ಕಡೆಗೆ ತಿರುಗಿಸಿದರೆ ಐಪೀಸಿನಲ್ಲಿ ಕಾಣುವ ಬೆಳಕಿನ ಚುಕ್ಕಿ ದುಂಡಗೆ ಇರಬೇಕು. ಅಂಚು ಚೌಕವಾಗಿ ಬೂದು ಬಣ್ಣಕ್ಕೆ ತಿರುಗಿದ್ದರೆ ಪ್ರಿಸ್ಮಿನ ಗಾಜು ಕೆಳದರ್ಜೆಯದಿರಬಹುದು. ಮುಂದಿನ ಲೆನ್ಸಿನಲ್ಲಿ ಅಂಗಡಿಯ ಟ್ಯೂಬ್‌ಲೈಟಿನ ಪ್ರತಿಬಿಂಬ ಮಸುಕಾಗಿ ಹಸಿರು ಅಥವಾ ನೇರಳೆ ಛಾಯೆಯಲ್ಲಿ ಕಾಣಬೇಕು. ಬೆಳ್ಳಗೆ ಹೊಳೆದರೆ ಲೇಪವಿಲ್ಲವೆಂದು ತಿಳಿಯಬೇಕು. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು ಶೇಕಡಾ 4ರಷ್ಟು ಬೆಳಕನ್ನು ಹಿಂದಕ್ಕೆ ಕಳುಹಿಸುತ್ತದೆ, ಬೈನಾಕ್ಯುಲರಿನೊಳಗೆ ಅಂಥ ಮೈಗಳು ಹತ್ತಕ್ಕೂ ಹೆಚ್ಚಿರುತ್ತವೆ. ರೂಫ್ ಪ್ರಿಸ್ಮಿನದಾದರೆ ಪ್ರಿಸ್ಮಿಗೆ ಹಾಕುವ ಫೇಸ್ ಕೋಟಿಂಗ್ ಎಂಬ ಲೇಪ ಇದೆಯೇ ಎಂದೂ ಕೇಳುತ್ತೇನೆ. ಅದಿಲ್ಲದಿದ್ದರೆ ಗರಿಗಳ ಸೂಕ್ಷ್ಮ ಗೆರೆಗಳು ಕಲಸಿದಂತೆ ಕಾಣುತ್ತವೆ. ಆಮೇಲೆ ರಸ್ತೆಗೆ ಬಂದು, ದೂರದ ವಿದ್ಯುತ್ ತಂತಿಯನ್ನು ಆಕಾಶದ ಎದುರು ನೋಡುತ್ತೇನೆ. ಒಂದೇ ತಂತಿ ಎರಡಾಗಿ ಕಂಡರೆ, ಅಥವಾ ಕಣ್ಣು ಎಳೆದಂತಾಗಿ ಹಣೆ ಭಾರವಾದರೆ, ಎರಡು ಕೊಳವೆಗಳು ಒಂದೇ ದಿಕ್ಕಿಗೆ ನೋಡುತ್ತಿಲ್ಲ; ಅದನ್ನು ಅಲ್ಲೇ ಮರಳಿಸಬೇಕು. ನನ್ನಂತೆ ಕನ್ನಡಕ ಹಾಕುವವರು ಐ ರಿಲೀಫ್ (ಪೂರ್ತಿ ಚಿತ್ರ ಕಾಣಲು ಐಪೀಸಿನಿಂದ ಕಣ್ಣು ಇರಬೇಕಾದ ದೂರ) 15 ಮಿಲಿಮೀಟರಿಗಿಂತ ಹೆಚ್ಚಿರುವುದನ್ನೇ ಆರಿಸಬೇಕು. ಇಲ್ಲವಾದರೆ ಕಪ್ಪು ಉಂಗುರದ ನಡುವೆ ಚಿಕ್ಕ ಕಿಂಡಿಯಲ್ಲಿ ಇಣುಕಿದಂತಾಗುತ್ತದೆ.

ಮಳೆಗಾಲದ ವ್ಯವಸ್ಥೆಗೆ ನಾನು ಖರ್ಚು ಮಾಡಿದ್ದು ಬಹಳ ಕಡಿಮೆ. ರಬ್ಬರ್ ಅಂಚಿನ ಮುಚ್ಚಳವಿರುವ, ಅಡುಗೆಮನೆಯಲ್ಲಿ ಹಪ್ಪಳ ತುಂಬಿಡುವಂಥ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ತೇವಾಂಶ ತೋರಿಸುವ ಪುಟ್ಟ ಮೀಟರ್, ಬಟ್ಟೆಯ ಚೀಲದಲ್ಲಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್. ನೀಲಿ ಬಣ್ಣದ ಜೆಲ್ಲಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಮಕ್ಕಳಿರುವ ಮನೆಯಲ್ಲಿ ಅದು ಬೇಡ. ಮೀಟರ್ ಶೇಕಡಾ 40ರಿಂದ 50ರ ನಡುವೆ ನಿಂತರೆ ನೆಮ್ಮದಿ. ಜೆಲ್ ಬಣ್ಣ ಬದಲಿಸಿದಾಗ ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಅದು ಮತ್ತೆ ಕೆಲಸಕ್ಕೆ ಬರುತ್ತದೆ. ಜೆಲ್ಲಿನ ಬದಲು ಅಕ್ಕಿಯ ಗಂಟು ಇಡುವವರಿದ್ದಾರೆ, ನುಸಿಗುಳಿಗೆ ಇಡುವವರೂ ಇದ್ದಾರೆ. ಅಕ್ಕಿ ತೇವವನ್ನು ಹೀರುವುದಕ್ಕಿಂತ ಹಿಟ್ಟು ಉದುರಿಸುವುದೇ ಹೆಚ್ಚು. ನುಸಿಗುಳಿಗೆಯ ಆವಿ ಗಾಜಿನ ಮೇಲೆ ಪೊರೆಯಾಗಿ ಕೂರುತ್ತದೆ. ಚರ್ಮದ ಚೀಲವನ್ನೋ ಬೈನಾಕ್ಯುಲರಿನ ಜೊತೆ ಬಂದ ದಪ್ಪ ಬಟ್ಟೆಯ ಚೀಲವನ್ನೋ ಡಬ್ಬಿಯೊಳಗೆ ಇಡಲೇಬಾರದು. ನೆನೆದು ಬಂದ ದಿನ ಫ್ಯಾನಿನ ಕೆಳಗೆ ರಾತ್ರಿಯಿಡೀ ಆರಿದ ಮೇಲೆಯೇ ಬೈನಾಕ್ಯುಲರಿಗೆ ಡಬ್ಬಿಯ ಪ್ರವೇಶ.

ಕಡಲ ತೀರದಿಂದ ಮರಳಿದ ಕೂಡಲೇ ಒರೆಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ತಣ್ಣೀರುಬಾವಿಯಲ್ಲಿ ಒಂದು ಗಂಟೆ ನಿಂತರೆ ಲೆನ್ಸಿನ ಮೇಲೆ ಕೂರುವ ಮಂಜಿನಂಥ ಪೊರೆಯಲ್ಲಿ ಉಪ್ಪಿನ ಹರಳೂ ಮರಳಿನ ಸಣ್ಣ ಕಣವೂ ಇರುತ್ತವೆ. ಅದರ ಮೇಲೆ ಅಂಗಿಯ ತುದಿ ಆಡಿಸಿದರೆ ಗೀರು ಬೀಳುವುದು ನಿಶ್ಚಯ. ನನ್ನದು ನೀರು ನಿರೋಧಕವಾದ್ದರಿಂದ ನಲ್ಲಿಯ ಸಣ್ಣ ಧಾರೆಯ ಕೆಳಗೆ ಹಿಡಿದು ಮೊದಲು ಗಾಜನ್ನು, ಆಮೇಲೆ ನಡುವಿನ ಕೀಲನ್ನು ಮಡಚಿ ಬಿಡಿಸುತ್ತ, ಕೊನೆಗೆ ತಿರುಚಿ ಮೇಲೆಳೆಯುವ ಐಕಪ್ಪಿನ ಸಂದನ್ನು ತೊಳೆಯುತ್ತೇನೆ. ಉಪ್ಪು ಹೆಚ್ಚು ಸೇರುವುದು ಈ ಸಂದಿನಲ್ಲಿಯೇ. ತೊಳೆಯದೆ ಬಿಟ್ಟರೆ ತಿರುಗಿಸುವಾಗ ಕರಕರ ಎನ್ನುತ್ತದೆ. ಆರಿದ ಮೇಲೆ ರಬ್ಬರ್ ಬಲ್ಬಿನಿಂದ ಗಾಳಿ ಊದಿ, ಮೆತ್ತನೆಯ ಕುಂಚ ಆಡಿಸಿ, ಆಮೇಲೂ ಕಲೆ ಉಳಿದರೆ ಮಾತ್ರ ಮೈಕ್ರೋಫೈಬರ್ ಬಟ್ಟೆಗೆ ಲೆನ್ಸ್ ದ್ರವದ ಒಂದು ಹನಿ ಹಾಕಿ ನಡುವಿನಿಂದ ಅಂಚಿಗೆ ಸುತ್ತಾಗಿ ಒರೆಸುತ್ತೇನೆ. ದ್ರವವನ್ನು ನೇರವಾಗಿ ಗಾಜಿನ ಮೇಲೆ ಸುರಿಯಬಾರದು.

ಘಟ್ಟದ ಕಾಡಿನಲ್ಲಿ ಉಂಬಳ ಹತ್ತದಿರಲೆಂದು ನಸ್ಯ, ಸುಣ್ಣ, ಉಪ್ಪು ಮೆತ್ತಿಕೊಂಡ ಕೈಯಿಂದಲೇ ನಾವು ಫೋಕಸ್ ಚಕ್ರ ತಿರುಗಿಸುತ್ತೇವೆ. ಅದು ತೊಳೆದರೆ ಹೋಗುತ್ತದೆ. ಡೀಟ್ ಇರುವ ಸೊಳ್ಳೆ ನಿವಾರಕ ಹಾಗಲ್ಲ, ಅದು ಪ್ಲಾಸ್ಟಿಕ್ಕನ್ನೂ ಕೆಲವು ರಬ್ಬರ್ ಹೊದಿಕೆಗಳನ್ನೂ ಕರಗಿಸಿ ಅಂಟಂಟಾಗಿಸುತ್ತದೆ. ಹಚ್ಚಿಕೊಂಡ ಬಳಿಕ ಅಂಗೈ ತೊಳೆಯದೆ ಬೈನಾಕ್ಯುಲರ್ ಮುಟ್ಟುವುದಿಲ್ಲವೆಂಬ ನಿಯಮ ನಮ್ಮ ತಂಡದಲ್ಲಿದೆ.

ಕೋಡಿಬೆಂಗ್ರೆಯಲ್ಲಿ ಸುವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವಲ್ಲಿ ಮರಳದಿಣ್ಣೆಯ ಮೇಲೆ ಕುಳಿತ ಗೊರವಗಳನ್ನು ಬೇರ್ಪಡಿಸಲು ಮಾತ್ರ ಬೈನಾಕ್ಯುಲರ್ ಸಾಲದು, ಟ್ರೈಪಾಡಿನ ಮೇಲೆ ನಿಲ್ಲಿಸಿದ ಸ್ಪಾಟಿಂಗ್ ಸ್ಕೋಪ್ ಎಂಬ ಒಂಟಿ ಕೊಳವೆಯ ದೂರದರ್ಶಕ ಬೇಕು. ಅದರಲ್ಲಿ 60 ಪಟ್ಟಿನವರೆಗೆ ಹಿಗ್ಗಿಸಬಹುದಾದರೂ ಬೆಳಗ್ಗೆ ಒಂಬತ್ತು ದಾಟಿ ಮರಳು ಕಾದ ಮೇಲೆ ಗಾಳಿಯೇ ಕುಣಿಯತೊಡಗುವುದರಿಂದ 30ರ ಮೇಲೆ ಹೋಗಿ ಪ್ರಯೋಜನವಿಲ್ಲ.

ಹಳೆಯದನ್ನು ಕೊಳ್ಳುವ ಯೋಚನೆಯಿದ್ದರೆ ಟಾರ್ಚ್ ಜೊತೆಗಿರಲಿ. ಹೊರಗಿನ ರಬ್ಬರ್ ಸವೆದಿದ್ದರೆ, ಬಣ್ಣ ಮಾಸಿದ್ದರೆ ಚಿಂತೆಯಿಲ್ಲ, ಬೆಲೆ ಇಳಿಸಲು ಅದೇ ನೆಪವಾಗುತ್ತದೆ. ಒಳಗೆ ಒಂದೇ ಒಂದು ಎಳೆ ಕಂಡರೂ, ಕೀಲಿನ ಸುತ್ತ ಹಸಿರು ಕಿಲುಬು ಕಂಡರೂ, ಬಿಗಿಯಾಗಿ ಮುಚ್ಚಿದ ಒಡಲನ್ನು ಯಾರೋ ಬಿಚ್ಚಿದ ಗುರುತು ಸ್ಕ್ರೂಗಳ ಮೇಲೆ ಇದ್ದರೂ ನಾನು ಅದನ್ನು ಕೊಳ್ಳುವುದಿಲ್ಲ. ಬಿಚ್ಚಿದ ಮೇಲೆ ಒಳಗಿನ ನೈಟ್ರೋಜನ್ ಉಳಿದಿರುವುದಿಲ್ಲ; ಮತ್ತೆ ತುಂಬಿಸಿ ಪ್ರಿಸ್ಮುಗಳನ್ನು ಸರಿಸಾಲಿಗೆ ತರುವ ಕೆಲಸ ತಕ್ಕ ಉಪಕರಣಗಳಿರುವ ಸರ್ವಿಸ್ ಕೇಂದ್ರದಲ್ಲಿಯೇ ಆಗಬೇಕು, ಅದರ ಖರ್ಚು ಉಳಿಸಿದ ಹಣವನ್ನು ಮೀರಿಬಿಡುತ್ತದೆ.