ತೆಂಗಿನೆಣ್ಣೆ ಕುಡಿದ ಮಿಷನ್ ಕೌದಿಗೆ ಸಜ್ಜಾಗುವ ಬಗೆ

ಶಿರಸಿ, ಯಲ್ಲಾಪುರ ಕಡೆಯ ಅಟ್ಟಗಳಿಂದ ಇಳಿಸಿದ ಹೊಲಿಗೆ ಮಿಷನ್‌ಗಳು ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ, ಅಂಟಿ ಕೂತಿರುತ್ತವೆ. ಮಿಷನ್ ಎಣ್ಣೆ ಮುಗಿದಾಗ ಮನೆಯವರ ಕೈಗೆ ಸಿಕ್ಕಿದ್ದು ತೆಂಗಿನೆಣ್ಣೆ. ಹಾಕಿದ ದಿನ ಹಗುರಾಗಿ ಓಡುತ್ತದೆ. ಆಮೇಲೆ ಧೂಳು, ಬಟ್ಟೆಯ ಜುಂಗು, ಒಲೆಯ ಮಸಿ ಎಲ್ಲ ಅದಕ್ಕೆ ಹತ್ತಿ ಹಲಸಿನ ಮೇಣದಂತಾಗುತ್ತದೆ. ಅದಲ್ಲದೆ 24 ಡಿಗ್ರಿಗಿಂತ ಕೆಳಗೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ. ಘಟ್ಟದ ಮೇಲಿನ ಚಳಿಗಾಲದ ಬೆಳಗಿಗೆ ಅಷ್ಟು ಸಾಕು. ಕಾರವಾರ, ಅಂಕೋಲಾ ಕಡೆಯವಕ್ಕೆ ಬೇರೆ ಕಾಯಿಲೆ: ಉಪ್ಪುಗಾಳಿಯ ತುಕ್ಕು.

ಕೌದಿಗೆ ನಾನು ಹುಡುಕುವುದು ಸಿಂಗರ್ 15ಕೆ. ಇದರ 'ಕೆ' ಅಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಕಿಲ್‌ಬೋವಿ ಕಾರ್ಖಾನೆ. 1885ರಲ್ಲಿ ಶುರುವಾಗಿ 1980ರಲ್ಲಿ ಮುಚ್ಚಿತು. ಉಷಾದ ಕಪ್ಪು ಮಿಷನ್ನೂ ಇದೇ ಅಚ್ಚಿನದು, ಹಾಗಾಗಿ ಬಾಬಿನ್ ಕೇಸ್, ಸೂಜಿಯ ದಾರ ಹಿಡಿಯುವ ಶಟಲ್, ಬಟ್ಟೆ ಮುಂದೆ ತಳ್ಳುವ ಹಲ್ಲು, ಟೆನ್ಶನ್ ಸೆಟ್ ಎಲ್ಲ ಪೇಟೆಯ ಅಂಗಡಿಯಲ್ಲೇ ಸಿಗುತ್ತವೆ. ಸೂಜಿಯೂ ಸಾಮಾನ್ಯ ಎಚ್‌ಎ×1. ಬಂದೂಕಿನ ಗುಂಡಿನಾಕಾರದ ಶಟಲ್, ಉದ್ದ ಬಾಬಿನ್ ಇರುವ ಸಿಂಗರ್ 28ಕೆ ನೋಡಲು ಚೆಂದ. ಆದರೆ ಶಟಲ್ ಕಳೆದಿದ್ದರೆ ಅದು ಶೋಕೇಸಿಗೆ ಮಾತ್ರ.

ಕೊಳ್ಳುವ ಮೊದಲು ನೋಡುವುದು ಎರಡೇ. ಎರಕದ ಮೈಯಲ್ಲಿ ಬಿರುಕಿದೆಯೇ? ಇದ್ದರೆ ಬಿಟ್ಟುಬಿಡಿ. ಶಟಲ್ ತಿರುಗುವ ಉಂಗುರದಲ್ಲಿ ತುಕ್ಕು ಗುಳಿ ತೋಡಿದೆಯೇ? ಉಗುರು ಆಡಿಸಿ ನೋಡಿ. ತಡೆದರೆ ಅಲ್ಲಿ ದಾರ ಹರಿಯುತ್ತಲೇ ಇರುತ್ತದೆ. ಬೆಲ್ಟ್, ಶಟಲ್ ಮುಚ್ಚುವ ಜಾರುಪಟ್ಟಿ ಇಲ್ಲದಿರುವುದು ದೋಷವೇ ಅಲ್ಲ.

ಅಂಟಿದ ಮಿಷನ್ನಿನ ಚಕ್ರವನ್ನು ಬಲ ಹಾಕಿ ತಿರುಗಿಸಬೇಡಿ. ಮೊದಲು ಶಟಲ್ ಬಿಚ್ಚಿ, ಹಿಂದೆ ಸಿಕ್ಕ ದಾರದ ತುಂಡುಗಳನ್ನು ಚಿಮುಟದಿಂದ ತೆಗೆಯಿರಿ. ಎಷ್ಟೋ ಸಲ 'ಜಾಮ್' ಅಂದರೆ ಇಷ್ಟೇ. ಆಮೇಲೆ ಎಣ್ಣೆಯ ತೂತುಗಳಿಗೆ, ಅಡಿಯ ಕೀಲುಗಳಿಗೆ ಸೀಮೆಎಣ್ಣೆ. ಸಿಗದಿದ್ದರೆ ಡೀಸೆಲ್ ಆದೀತು. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಕೂದಲು ಒಣಗಿಸುವ ಯಂತ್ರದಿಂದ ಸೂಜಿಕಂಬಿ, ಮುಖ್ಯ ದಂಡದ ಸುತ್ತ ಬಿಸಿಗಾಳಿ ಹಿಡಿದು ಚಕ್ರವನ್ನು ಹಿಂದೆಮುಂದೆ ಕೂದಲೆಳೆಯಷ್ಟು ಆಡಿಸುವುದು. ಸೀಮೆಎಣ್ಣೆ ಹಚ್ಚಿದ ಜಾಗಕ್ಕೆ ಬೆಂಕಿಯ ಜ್ವಾಲೆ ತರಲೇಬಾರದು. ಎರಡು, ಮೂರು ದಿನ ಹಿಡಿದರೂ ಹಿಡಿದೀತು. ಬಿಡಿಸಿಕೊಂಡ ಮೇಲೆ ಕಂದು ನೀರು ಬರುವುದು ನಿಲ್ಲುವವರೆಗೆ ಒರೆಸಿ ಮಿಷನ್ ಎಣ್ಣೆ ಹಾಕಬೇಕು. ಸೀಮೆಎಣ್ಣೆ ತೊಳೆಯುತ್ತದೆ, ಜಾರಿಸುವುದಿಲ್ಲ. ಅದನ್ನೇ ನೆಚ್ಚಿ ಓಡಿಸಿದರೆ ಲೋಹ ಲೋಹ ತಿಕ್ಕುತ್ತದೆ.

ಮೈಮೇಲಿನ ಬಂಗಾರದ ಚಿತ್ತಾರಕ್ಕೆ ಸ್ಪಿರಿಟ್, ಥಿನ್ನರ್ ಮುಟ್ಟಿಸಬೇಡಿ. ಮೇಲಿರುವುದು ಅರಗಿನ ಲೇಪ, ಸ್ಪಿರಿಟ್ಟಿಗೆ ಕರಗಿ ಚಿತ್ತಾರವೂ ಎದ್ದುಬರುತ್ತದೆ. ಮಿಷನ್ ಎಣ್ಣೆ ಹಚ್ಚಿ ಹಳೆ ಬನಿಯನ್ನಿನಿಂದ ಒರೆಸಿದರೆ ಸಾಕು.

ಚಕ್ರದ ನಡುವಿನ ಗುಂಡಿ ಬಿಚ್ಚಿದಾಗ ಮೂರು ಕಿವಿಯ ವಾಷರ್ ಬರುತ್ತದೆ. ಯಾವ ಮುಖ ಹೊರಗಿತ್ತೆಂದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ತಿರುಗುಮುರುಗಾದರೆ ಬಾಬಿನ್ ಸುತ್ತುವಾಗ ಸೂಜಿ ನಿಲ್ಲುವುದಿಲ್ಲ, ಇಲ್ಲವೇ ಗುಂಡಿ ಬಿಗಿಯೇ ಆಗುವುದಿಲ್ಲ.

ಇನ್ನು ಟೆನ್ಶನ್, ಅಂದರೆ ದಾರದ ಬಿಗಿ. ಹೆಚ್ಚಿನವರು ಸೋಲುವುದು ಇಲ್ಲೇ. ಬಟ್ಟೆಯ ಅಡಿಯಲ್ಲಿ ದಾರ ಗುಂಗುರಾದರೆ ತಪ್ಪು ಮೇಲಿನದು, ಬಾಬಿನ್ನಿನದಲ್ಲ. ಬಟ್ಟೆ ಒತ್ತಿಹಿಡಿಯುವ ಪಾದ ಎತ್ತಿದಾಗ ಮೇಲಿನ ದಾರ ಸಲೀಸಾಗಿ ಎಳೆಯಬೇಕು, ಇಳಿಸಿದಾಗ ಬಿಗಿಯಬೇಕು. ಎರಡೂ ಒಂದೇ ಆದರೆ ದಾರ ಬಿಗಿಹಿಡಿಯುವ ಬಿಲ್ಲೆಗಳ ನಡುವೆ ಹಳೆ ದಾರದ ಎಳೆ, ತುಕ್ಕು ಸಿಕ್ಕಿದೆ, ಅಥವಾ ಬಿಲ್ಲೆ ಬಿಡಿಸುವ ಸಣ್ಣ ಕಡ್ಡಿ ತೂತಿನಲ್ಲಿ ಹಿಡಿದುಕೊಂಡಿದೆ. ದಾರ ಪೋಣಿಸುವಾಗ ಪಾದ ಎತ್ತಿಯೇ ಇರಬೇಕು, ಇಲ್ಲದಿದ್ದರೆ ದಾರ ಬಿಲ್ಲೆಗಳ ಒಳಗೆ ಕೂರುವುದೇ ಇಲ್ಲ. ಬಾಬಿನ್ ಕೇಸನ್ನು ದಾರದಲ್ಲಿ ತೂಗಿ ಮೆಲ್ಲಗೆ ಒಮ್ಮೆ ಜಗ್ಗಿದರೆ ಒಂದೆರಡು ಇಂಚು ಇಳಿದು ನಿಲ್ಲಬೇಕು. ಸೂಜಿಯ ಚಪ್ಪಟೆ ಮುಖ ಎಡಕ್ಕೆ, ದಾರ ಬಲದಿಂದ ಎಡಕ್ಕೆ. ಉಲ್ಟಾ ಹಾಕಿ 'ಟೈಮಿಂಗ್ (ಸೂಜಿ, ಶಟಲ್‌ಗಳ ಹೊಂದಾಣಿಕೆ) ಹೋಗಿದೆ' ಎಂದು ರಿಪೇರಿಗೆ ತರುವವರು ಬಹಳ.

ಕೌದಿಗೆ ಆರು ಪದರದ ಹತ್ತಿ ಸೀರೆಯಾದರೆ 16ನೇ ನಂಬರಿನ ಸೂಜಿ, ನಡುವೆ ಜೀನ್ಸ್ ತುಂಡು ಬಂದರೆ 18. ಇಂಚಿಗೆ 8ರಿಂದ 10 ಹೊಲಿಗೆ. ಪಾದದ ಒತ್ತಡದ ತಿರುಪನ್ನು ಎರಡು ಮೂರು ಸುತ್ತು ಸಡಿಲಿಸದಿದ್ದರೆ ಕೆಳಗಿನ ಪದರ ಹಲ್ಲಿನ ಜೊತೆ ಹೋಗುತ್ತದೆ, ಮೇಲಿನದು ಹಿಂದೆ ಉಳಿದು ನೆರಿಗೆ ಕಟ್ಟುತ್ತದೆ. ಅದಕ್ಕೇ ಮೊದಲು ಕೈಯಗಲಕ್ಕೊಂದರಂತೆ ಪಿನ್ನು ಹಾಕಿಕೊಳ್ಳುವುದು.

ನಮ್ಮ ಜಿಲ್ಲೆಯ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೈಹೊಲಿಗೆಯಲ್ಲಿ ಪದರವನ್ನು ಬೆರಳೇ ಸವರಿ ಸರಿಮಾಡುವುದರಿಂದ ಅದು ಸಾಧ್ಯ. ಮಿಷನ್ನಿನಲ್ಲಿ ಹಾಗೆ ಹೋದರೆ ಮಿಕ್ಕ ಸಡಿಲವೆಲ್ಲ ನಡುವೆ ಬಂದು ಗುಡ್ಡೆಯಾಗುತ್ತದೆ. ಇಲ್ಲಿ ನಡುವಿನ ಗೆರೆ ಮೊದಲು, ಆಮೇಲೆ ಎರಡೂ ಕಡೆಗೆ. ಸೂಜಿಯಿಂದ ಕಂಬದವರೆಗೆ ಗೇಣಿಗಿಂತ ಕಡಿಮೆ ಜಾಗ, ಆದ್ದರಿಂದ ಬಲಗಡೆಯ ಬಟ್ಟೆಯನ್ನು ಚಾಪೆಯಂತೆ ಬಿಗಿಯಾಗಿ ಸುರುಳಿ ಸುತ್ತಬೇಕು. ಎಡಗಡೆಯ ಭಾರ ಕೆಳಗೆ ಜೋತು ಬಿದ್ದರೆ ಸೂಜಿ ಬಾಗುತ್ತದೆ. ಪಕ್ಕದಲ್ಲಿ ಒಂದು ಬೆಂಚು ಇಟ್ಟುಕೊಳ್ಳಿ.

ಚರ್ಮದ ಬೆಲ್ಟ್ ಮಳೆಗಾಲದಲ್ಲಿ ತೇವ ಹೀರಿ ಸಡಿಲಾಗುತ್ತದೆ. ಆಗ ಕಾಲಿಂಚು ಮಾತ್ರ ಕತ್ತರಿಸಿ ಕೊಕ್ಕೆ ಮತ್ತೆ ಹಾಕಿ. ಹೆಚ್ಚು ಬಿಗಿದರೆ ಪೆಡಲ್ ಭಾರವಾಗುತ್ತದೆ. ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗೆ ಬೆವರುತ್ತದೆ. ಹಳೆ ಪಂಚೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಚಿಂದಿಯ ಮೇಲೆ ಐದು ನಿಮಿಷ ಓಡಿಸಿ, ಪಾದದ ಕೆಳಗೆ ಎಣ್ಣೆ ಹೀರಲು ಒಂದು ತುಂಡು ಬಟ್ಟೆ ಬಿಟ್ಟಿಡಿ.