ಬಾಣಕ್ಕೆ ಹೊಳೆ ಗೊತ್ತಿಲ್ಲ: ಕಡಲ ದಂಡೆಯಲ್ಲಿ ಡಬ್ಬಿ ಹುಡುಕುವುದು ಹೇಗೆ?

ಫೋನಿನ ಬಾಣ ನೆಟ್ಟಗೆ ಪೂರ್ವಕ್ಕೆ ತಿರುಗಿತ್ತು. 600 ಮೀಟರ್. ಬೆಳಗ್ಗಿನಿಂದ ಐದು ಡಬ್ಬಿ ಸಿಕ್ಕಿದ್ದವು. ಆರನೆಯದು ಹತ್ತು ನಿಮಿಷದ ದಾರಿ ಅಂದುಕೊಂಡು ಗುಡ್ಡ ಇಳಿದೆ. ಕೆಳಗೆ ಬಂದರೆ ಎದುರಿಗೆ ಹೊಳೆ! ಅದು ಕಡಲು ಸೇರುವ ಜಾಗ. ಸೇತುವೆ ಇಲ್ಲ, ದೋಣಿಯೂ ಇಲ್ಲ. ಸೇತುವೆ ಇರುವುದು ಸುಮಾರು ಎರಡು ಕಿಲೋಮೀಟರ್ ಒಳಗೆ. ಅಲ್ಲಿಗೆ ಹೋಗಿ, ದಾಟಿ, ಆ ದಡದಲ್ಲಿ ವಾಪಸ್ ಬರುವಷ್ಟರಲ್ಲಿ 600 ಮೀಟರ್ ನಾಲ್ಕು ಕಿಲೋಮೀಟರ್ ಆಗಿತ್ತು. ಬಾಣದ ತಪ್ಪೇನಿಲ್ಲ. ಅದು ನೂಲು ಹಿಡಿದ ಹಾಗೆ ನೇರ ತೋರಿಸುತ್ತದೆ, ಅಷ್ಟೇ. ನಡುವೆ ಹೊಳೆ ಇದೆಯೋ ಪ್ರಪಾತ ಇದೆಯೋ ಅದಕ್ಕೇನು ಗೊತ್ತು?

ಈ ಆಟದ ಹೆಸರು ಜಿಯೋಕ್ಯಾಶಿಂಗ್. ಯಾರೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶವನ್ನು ಜಾಲತಾಣದಲ್ಲಿ ಹಾಕುತ್ತಾರೆ. ನೀವು ಫೋನ್ ಹಿಡಿದು ಹುಡುಕಬೇಕು. ಸಿಕ್ಕರೆ ಒಳಗಿನ ಚೀಟಿಯಲ್ಲಿ ಹೆಸರು, ತಾರೀಕು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ಡಬ್ಬಿಗೆ ಕ್ಯಾಶ್ ಅಂತ ಹೆಸರು. ದುಡ್ಡಿನ ಕ್ಯಾಶ್ ಅಲ್ಲ. ಆದರೂ ‘ನನ್ನ ಮಗ ಭಾನುವಾರ ಕ್ಯಾಶ್ ಹುಡುಕೋಕೆ ಹೋಗ್ತಾನೆ’ ಅಂತ ಅಮ್ಮ ಊರಿಗೆ ಫೋನ್ ಮಾಡಿ ಹೇಳಿದ್ದಕ್ಕೆ ಸಿಕ್ಕ ಪ್ರತಿಕ್ರಿಯೆಗಳೇ ಬೇರೆ.

ಆಟಕ್ಕೆ ಹುಟ್ಟಿದ ದಿನ ಇದೆ. 2000ನೇ ಇಸವಿ ಮೇ ತಿಂಗಳ ಮೊದಲ ವಾರದಲ್ಲಿ ಅಮೆರಿಕ ಸರ್ಕಾರ, ಸಾಮಾನ್ಯರಿಗೆ ಸಿಗುವ ಜಿಪಿಎಸ್‌ನಲ್ಲಿ ಬೇಕಂತಲೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಮೇ 3ರಂದು ಡೇವ್ ಅಲ್ಮರ್ ಎಂಬುವರು ಒರೆಗಾನ್ ರಾಜ್ಯದ ಕಾಡಂಚಿನಲ್ಲಿ ಒಂದು ಬಕೆಟ್ ಇಟ್ಟು, ‘ಹುಡುಕಿ ನೋಡೋಣ’ ಅಂದರು. ಅದರಲ್ಲಿ ಪುಸ್ತಕ, ಕವಣೆ, ಒಂದು ಡಬ್ಬ ಬೀನ್ಸ್ ಎಲ್ಲ ಇದ್ದವು. ಇವತ್ತು ಜಗತ್ತಿನಾದ್ಯಂತ 30 ಲಕ್ಷಕ್ಕೂ ಜಾಸ್ತಿ ಕ್ಯಾಶ್‌ಗಳಿವೆ. ಬೆಂಗಳೂರಿನಲ್ಲೂ ಇವೆ.

ನಾನು ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಒಂದು ದಾರಿ. ಸೀಫರ್ಡ್ ಎಂಬ ಊರಿನಿಂದ ಈಸ್ಟ್‌ಬೋರ್ನ್‌ವರೆಗೆ, ಸೆವೆನ್ ಸಿಸ್ಟರ್ಸ್ ಎಂಬ ಬಿಳಿ ಬಂಡೆಗಳ ನೆತ್ತಿಯ ಮೇಲೆ, ಸುಮಾರು 22 ಕಿಲೋಮೀಟರ್. ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ರೈಲು ಹತ್ತಿ ಲೂಯಿಸ್‌ನಲ್ಲಿ ಬದಲಿಸಿದರೆ ಒಂದೂವರೆ ಗಂಟೆಯ ಹೊತ್ತಿಗೆ ಸೀಫರ್ಡ್. ಮಕ್ಕಳ ಮನೆಗೆ ಅಂತ ಬಂದು ಮೂರು ತಿಂಗಳು ಕೂರುವ ನಮ್ಮ ಅಪ್ಪ ಅಮ್ಮಂದಿರಿಗೆ ಇದಕ್ಕಿಂತ ಒಳ್ಳೆಯ ಭಾನುವಾರ ಇಲ್ಲ. ಯಾವ ಡಬ್ಬಿ ಎಲ್ಲಿದೆ ಅಂತ ಮಾತ್ರ ನಾನು ಹೇಳುವುದಿಲ್ಲ. ಹೇಳಿದರೆ ಆಟವೇ ಹೋಯಿತಲ್ವಾ?

ಅರ್ಧ ಕೆಲಸ ಮನೆಯಲ್ಲೇ

ಮೊದಲು ಆ್ಯಪ್ ಹಾಕಿಕೊಳ್ಳಿ, ಖಾತೆ ತೆರೆಯಿರಿ. ಉಚಿತ ಖಾತೆಯಲ್ಲಿ ಎಲ್ಲ ಡಬ್ಬಿಗಳೂ ಕಾಣುವುದಿಲ್ಲ, ಶುರು ಮಾಡಲು ಅದು ಸಾಕು. ನಕ್ಷೆ ತೆರೆದರೆ ದಾರಿಯುದ್ದಕ್ಕೂ ಬಣ್ಣದ ಗುರುತುಗಳು. ಹಸಿರು ಎಂದರೆ ಸಾದಾ ಡಬ್ಬಿ, ಹೇಳಿದ ಜಾಗದಲ್ಲೇ ಇರುತ್ತದೆ. ಕಿತ್ತಳೆ ಬಣ್ಣ ಎಂದರೆ ಎರಡು ಮೂರು ಕಡೆ ಸುಳಿವು ಹಿಡಿದು ಹೋಗಬೇಕಾದ್ದು. ನೀಲಿ ಪ್ರಶ್ನೆಚಿಹ್ನೆ ಎಂದರೆ ಒಗಟು. ಅದನ್ನು ಬಿಡಿಸದೆ ಆ ಗುರುತಿದ್ದಲ್ಲಿಗೆ ಹೋದರೆ ಏನೂ ಸಿಗುವುದಿಲ್ಲ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರ ಇರಬೇಕು ಅನ್ನುವುದು ನಿಯಮ. ಹಾಗಾಗಿ ದಾರಿಯುದ್ದಕ್ಕೂ ಸಾಲಾಗಿ ಇಟ್ಟ ಡಬ್ಬಿಗಳನ್ನು ಹುಡುಕುವುದು ಅಂದರೆ ನಿಜಕ್ಕೂ ನಡಿಗೆಯೇ.

ಪ್ರತಿ ಡಬ್ಬಿಗೂ ಎರಡು ಅಂಕಗಳಿರುತ್ತವೆ, 1ರಿಂದ 5ರವರೆಗೆ. ಒಂದು ಹುಡುಕುವುದು ಎಷ್ಟು ಕಷ್ಟ ಅಂತ, ಇನ್ನೊಂದು ನೆಲ ಎಷ್ಟು ಕಷ್ಟ ಅಂತ. ಕಡಲ ದಂಡೆಯಲ್ಲಿ ನೋಡಬೇಕಾದ್ದು ಎರಡನೆಯದು. ನೆಲಕ್ಕೆ 1 ಅಂದರೆ ಗಾಲಿಕುರ್ಚಿಯಲ್ಲೂ ಹೋಗಬಹುದು. 5 ಅಂದರೆ ಹಗ್ಗವೋ ದೋಣಿಯೋ ಬೇಕು. ಇದು ಯಾಕೆ ಮುಖ್ಯ ಗೊತ್ತೇ? ಅಕ್ಷಾಂಶ ರೇಖಾಂಶದಲ್ಲಿ ಎತ್ತರ ಬರುವುದಿಲ್ಲ. ಬಂಡೆಯ ನೆತ್ತಿಯಲ್ಲಿರುವ ಡಬ್ಬಿಗೂ ಅದರ ನೇರ ಕೆಳಗೆ ದಂಡೆಯಲ್ಲಿರುವ ಡಬ್ಬಿಗೂ ನಕ್ಷೆಯಲ್ಲಿ ಒಂದೇ ಗುರುತು. ನೀವು ಮೇಲೆ ನಿಂತು ‘ಇನ್ನು ನಾಲ್ಕೇ ಮೀಟರ್’ ಅಂತ ಅಂಚಿನ ಕಡೆ ಹೆಜ್ಜೆ ಇಟ್ಟರೆ ಮುಗಿಯಿತು ಕಥೆ. ಅಂಚಿನ ಹತ್ತಿರ ಗುರುತು ಕಂಡರೆ ನೆಲದ ಅಂಕ ನೋಡಿ, ವಿವರ ಪೂರ್ತಿ ಓದಿ. ಆಮೇಲೂ ಅನುಮಾನ ಉಳಿದರೆ ಅದನ್ನು ಬಿಟ್ಟುಬಿಡಿ.

ಹಿಂದೆ ಹೋದವರು ಬರೆದದ್ದನ್ನೂ ಓದಿ. ಕೊನೆಯ ಮೂರು ಜನವೂ ‘ಸಿಗಲಿಲ್ಲ’ ಅಂದಿದ್ದರೆ ಡಬ್ಬಿ ಹೋಗಿರುವ ಸಾಧ್ಯತೆಯೇ ಜಾಸ್ತಿ. ಗಾಳಿ, ಮಳೆ, ಬಂಡೆ ಕುಸಿತ, ಏನು ಬೇಕಾದರೂ ಆಗಿರಬಹುದು.

ಆಮೇಲೆ ದಾರಿಯನ್ನು ಕಾಲ್ನಡಿಗೆಯ ನಕ್ಷೆಯ ಮೇಲೆ ಬೆರಳಿಟ್ಟು ನೋಡಿ. ನಾನು ಮಾಡದೆ ಬಿಟ್ಟದ್ದು ಇದೇ. ನೋಡಿದ್ದರೆ ಕಕ್‌ಮಿಯರ್ ಹೊಳೆ ಕಾಣುತ್ತಿತ್ತು, ಎಕ್ಸೀಟ್ ಸೇತುವೆಯೂ ಕಾಣುತ್ತಿತ್ತು. ಡಬ್ಬಿಗಳನ್ನು ಬಾಣ ಹೇಳಿದ ಕ್ರಮದಲ್ಲಿ ಅಲ್ಲ, ದಾರಿ ಹೋಗುವ ಕ್ರಮದಲ್ಲಿ ಬರೆದಿಟ್ಟುಕೊಳ್ಳಿ. ನಕ್ಷೆ, ಡಬ್ಬಿಗಳ ಪಟ್ಟಿ ಎರಡನ್ನೂ ಫೋನಿಗೆ ಇಳಿಸಿಕೊಳ್ಳಿ. ಗುಡ್ಡಗಳ ನಡುವಿನ ತಗ್ಗುಗಳಲ್ಲಿ ಸಿಗ್ನಲ್ ಕೈಕೊಡುತ್ತದೆ.

ಕೊನೆಗೆ ಉಬ್ಬರ ಇಳಿತ. ನಮ್ಮ ಕರಾವಳಿಯವರು ಭರತ, ಇಳಿತ ಅನ್ನುತ್ತಾರಲ್ಲ, ಅದೇ. ನೆತ್ತಿಯ ದಾರಿಯಲ್ಲೇ ಹೋಗುವವರಿಗೆ ಇದರ ಚಿಂತೆ ಇಲ್ಲ. ಕೆಳಗಿನ ದಂಡೆಗೆ ಇಳಿಯುವ ಆಸೆ ಇದ್ದರೆ ಮಾತ್ರ ಇದನ್ನು ನೋಡದೆ ಹೊರಡಬೇಡಿ. ಕಕ್‌ಮಿಯರ್ ಹೊಳೆಬಾಯಿಯಿಂದ ಸೆವೆನ್ ಸಿಸ್ಟರ್ಸ್‌ನ ಆಚೆ ತುದಿಯ ಬರ್ಲಿಂಗ್ ಗ್ಯಾಪ್‌ವರೆಗೆ ಬಂಡೆಯ ಬುಡದಲ್ಲಿ ನಡೆದರೆ ನಡುವೆ ಎಲ್ಲೂ ಮೇಲೆ ಹತ್ತಲು ದಾರಿ ಇಲ್ಲ. ಭರತದಲ್ಲಿ ನೀರು ಬಂಡೆಗೇ ಬಡಿಯುತ್ತದೆ. ಇನ್ನೊಂದು ಸೂಕ್ಷ್ಮ: ಕೆಲವು ಉಬ್ಬರ ಪಟ್ಟಿಗಳು ಗ್ರೀನಿಚ್ ಸಮಯದಲ್ಲಿರುತ್ತವೆ. ಬೇಸಿಗೆಯಲ್ಲಿ ಇಂಗ್ಲೆಂಡಿನ ಗಡಿಯಾರ ಒಂದು ಗಂಟೆ ಮುಂದೆ. ಪಟ್ಟಿಯಲ್ಲಿ 2 ಗಂಟೆ ಅಂದರೆ ನಿಮ್ಮ ಕೈಗಡಿಯಾರದಲ್ಲಿ 3. ಅಮ್ಮ ಕುಂದಾಪುರದ ಕಡೆಯವಳು. ‘ಪಟ್ಟಿ ಇರ್ಲಿ, ಒದ್ದೆ ಗೆರೆ ಎಲ್ಲಿವರೆಗೆ ಬಂದಿದೆ ನೋಡು’ ಅಂದಳು. ನೋಡಿದರೆ ಒದ್ದೆ ಗೆರೆ ಬಂಡೆಯ ಮೈಮೇಲೇ ಇತ್ತು. ನಾವು ಇಳಿಯಲಿಲ್ಲ.

ಚೀಲದಲ್ಲಿ ಏನಿರಲಿ?

ಪೆನ್ನಲ್ಲ, ಪೆನ್ಸಿಲ್. ಒದ್ದೆ ಚೀಟಿಯ ಮೇಲೆ ಪೆನ್ ಬರೆಯುವುದಿಲ್ಲ. ಹುಬ್ಬಿನ ಕೂದಲು ಕೀಳುವ ಚಿಮಟ. ಬೆರಳ ತುದಿಯಷ್ಟೇ ಇರುವ ಡಬ್ಬಿಗಳಿಂದ ಸುರುಳಿ ಚೀಟಿ ತೆಗೆಯಲು ಬೇರೆ ಉಪಾಯವೇ ಇಲ್ಲ. ಪವರ್ ಬ್ಯಾಂಕ್, ನೀರು, ಗಾಳಿ ತಡೆಯುವ ಜಾಕೆಟ್. ಬುತ್ತಿ ನಿಮ್ಮಿಷ್ಟ. ನಮ್ಮದು ಚಪಾತಿ ಸುರುಳಿ, ಚಟ್ನಿಪುಡಿ.

ದಾರಿಯಲ್ಲಿ

ಸೀಫರ್ಡ್ ಹೆಡ್ ಗುಡ್ಡ ಹತ್ತಿದ ಮೇಲೆ ಕಾಣುವ ನೋಟವೇ ಕ್ಯಾಲೆಂಡರಿನಲ್ಲಿ ಬರುವುದು: ಹೊಳೆಬಾಯಿ, ಹಳೆಯ ಕರಾವಳಿ ಕಾವಲು ಮನೆಗಳು, ಆಚೆ ಬಿಳಿ ಗೋಡೆಗಳು. ಹೆಸರು ಏಳು ಅಕ್ಕತಂಗಿಯರು. ಹತ್ತಿ ಇಳಿಯುವವರು ಎಣಿಸಿದರೆ ಎಂಟು ದಿಣ್ಣೆ. ಮೊಣಕಾಲು ಬೇರೆಯೇ ಲೆಕ್ಕ ಹೇಳುತ್ತದೆ.

ಅಂಚಿನಿಂದ ದೂರ ಇರಿ ಅಂತ ಎಲ್ಲ ಕಡೆ ಬೋರ್ಡುಗಳಿವೆ. ಯಾಕೆ ಅಂತ ಗೊತ್ತಿದ್ದರೆ ಪಾಲಿಸುವುದು ಸುಲಭ. ಇದು ಕಲ್ಲುಬಂಡೆ ಅಲ್ಲ, ಸೀಮೆಸುಣ್ಣ. ಅಲೆ ಬುಡವನ್ನು ಕೊರೆಯುತ್ತದೆ, ಮೇಲಿನ ಹುಲ್ಲು ಹಾಗೇ ಚಾಚಿಕೊಂಡಿರುತ್ತದೆ. ನಿಂತವರಿಗೆ ಕಾಲಡಿ ನೆಲ ಇದೆ ಅನ್ನಿಸುತ್ತದೆ, ಕೆಳಗೆ ಖಾಲಿ. ಮಳೆ ಬಂದು ಹೋದ ಮೇಲೆ, ಚಳಿಗಾಲದಲ್ಲಿ ಹಿಮಗಟ್ಟಿ ಕರಗಿದ ಮೇಲೆ ಕುಸಿತ ಜಾಸ್ತಿ. ಮುಂದೆ ಸಿಗುವ ಬೆಲ್ ಟೂಟ್ ಎಂಬ ಹಳೆಯ ದೀಪಸ್ತಂಭವನ್ನು 1999ರಲ್ಲಿ ಇಡಿಯಾಗಿ 17 ಮೀಟರ್ ಹಿಂದಕ್ಕೆ ಜರುಗಿಸಿದರು. ಇಲ್ಲದಿದ್ದರೆ ಅದು ಕಡಲಿಗೆ ಬೀಳುತ್ತಿತ್ತು. ಫೋನ್ ನೋಡುತ್ತಾ ನಡೆಯಬೇಡಿ. ನಿಂತು ನೋಡಿ, ಜೇಬಿಗೆ ಹಾಕಿ, ಆಮೇಲೆ ನಡೆಯಿರಿ. ಏನಾದರೂ ಅನಾಹುತ ಕಂಡರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕು ಅನ್ನಿ.

ಈಗ ಹುಡುಕುವ ವಿಷಯ. ಡಬ್ಬಿ 10 ಮೀಟರ್ ಇದೆ ಅನ್ನುವಾಗ ಫೋನಿನ ಕೆಲಸ ಮುಗಿಯಿತು. ಬಯಲಿನಲ್ಲೂ ಫೋನಿನ ಜಿಪಿಎಸ್ ಐದು ಮೀಟರಿನಷ್ಟು ಆಚೀಚೆ ತೋರಿಸುತ್ತದೆ. ಬಚ್ಚಿಟ್ಟವರ ಫೋನಿನ ತಪ್ಪೂ ಅದಕ್ಕೆ ಸೇರುತ್ತದೆ. ಬಾಣ ಗರಗರ ತಿರುಗುವುದನ್ನು ನೋಡುತ್ತಾ ನಾನು ಒಂದು ಬೇಲಿಯ ಸುತ್ತ ಇಪ್ಪತ್ತು ನಿಮಿಷ ಸುತ್ತಿದ್ದೇನೆ. ಅಮ್ಮ ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು. ‘ಬೀಗದಕೈ ಬಚ್ಚಿಡೋರು ಎಲ್ಲಿಡ್ತಾರೆ ಹೇಳು? ಕೈಗೆ ಸಿಗೋ ಕಡೆ, ಕಣ್ಣಿಗೆ ಬೀಳದ ಕಡೆ’ ಅಂತ ಎದ್ದು ಬಂದು, ಬೇಲಿಯ ಮೂಲೆಗಂಬದ ಹಿಂದಕ್ಕೆ ಕೈ ಹಾಕಿದಳು. ಕ್ಯಾಮೆರಾ ರೀಲಿನ ಹಳೆಯ ಕಪ್ಪು ಡಬ್ಬಿ ಹೊರಗೆ ಬಂತು!

ಇದಕ್ಕಿಂತ ಒಳ್ಳೆಯ ಸೂತ್ರ ನನಗೆ ಗೊತ್ತಿಲ್ಲ. ನಾನಾಗಿದ್ದರೆ ಎಲ್ಲಿ ಇಡುತ್ತಿದ್ದೆ ಅಂತ ಯೋಚಿಸಿ. ಕಂಬದ ಹಿಂಬದಿ, ಬೆಂಚಿನ ಅಡಿ, ಒಂಟಿ ಪೊದೆಯ ಬುಡ. ಸುಮ್ನೆ ಒಟ್ಟಿದ ಹಾಗೆ ಕಾಣದ ಕಲ್ಲುಗಳು. ಹುಲ್ಲಿಗೆ ಒಪ್ಪದ ಒಣ ಕಡ್ಡಿಗಳ ಕಂತೆ. ಅಗೆಯುವ ಅಗತ್ಯವೇ ಇಲ್ಲ, ಜಾಗದ ಮಾಲೀಕರ ಒಪ್ಪಿಗೆ ಇಲ್ಲದೆ ನೆಲದಲ್ಲಿ ಹೂಳುವುದನ್ನು ಆಟದ ನಿಯಮವೇ ಒಪ್ಪುವುದಿಲ್ಲ. ಗೋಡೆಯ ಕಲ್ಲು ಕೀಳಬೇಡಿ. ಮೊಲದ ಬಿಲಕ್ಕೆ ಕೈ ಹಾಕಬೇಡಿ, ಮೊದಲು ಕೋಲಿನಿಂದ ತಟ್ಟಿ. ಇಲ್ಲಿ ಆ್ಯಡರ್ ಎಂಬ ವಿಷದ ಹಾವು ಇದೆ, ಬ್ರಿಟನ್ನಿನಲ್ಲಿರುವ ಒಂದೇ ವಿಷದ ಹಾವು. ಹುಲ್ಲಿನಲ್ಲಿ ಉಣುಗೂ ಇರುತ್ತದೆ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಸಂಜೆ ಮನೆಗೆ ಹೋಗಿ ಕಾಲು ನೋಡಿಕೊಳ್ಳಿ.

ಹತ್ತು ನಿಮಿಷವಾದರೂ ಸಿಗದಿದ್ದರೆ ಸುಳಿವು ತೆರೆಯಿರಿ. ಅದರಲ್ಲಿ ನಾಚಿಕೆ ಏನಿಲ್ಲ. ಸುಳಿವನ್ನು ಇಂಗ್ಲಿಷ್ ಅಕ್ಷರಗಳನ್ನು 13 ಮನೆ ಮುಂದಕ್ಕೆ ಜರುಗಿಸಿ ಬರೆದಿರುತ್ತಾರೆ. ಆ್ಯಪ್ ಒಂದು ಒತ್ತಿಗೆ ಬಿಡಿಸಿಕೊಡುತ್ತದೆ. ಯಾರಾದರೂ ಬರುತ್ತಿದ್ದರೆ ಕೈ ತಡೆಯಿರಿ. ಆಟ ಗೊತ್ತಿಲ್ಲದವರನ್ನು ಆಟಗಾರರು ಮಗಲ್‌ಗಳು ಅನ್ನುತ್ತಾರೆ. ಅವರ ಕಣ್ಣಿಗೆ ಬಿದ್ದ ಡಬ್ಬಿ ಬಹಳ ದಿನ ಉಳಿಯುವುದಿಲ್ಲ. ಷೂ ಲೇಸ್ ಕಟ್ಟುವ ನಾಟಕ ಎಲ್ಲರೂ ಮಾಡುತ್ತಾರೆ.

ಸಿಕ್ಕಿದ ಮೇಲೆ ಚೀಟಿಯಲ್ಲಿ ನಿಮ್ಮ ಆಟದ ಹೆಸರು, ತಾರೀಕು ಬರೆಯಿರಿ. ಸುರುಳಿಯನ್ನು ಬಿಗಿಯಾಗಿ ಸುತ್ತಿ ಒಳಗಿಡಿ. ದೊಡ್ಡ ಡಬ್ಬಿಯಲ್ಲಿ ಪುಟ್ಟ ಆಟಿಕೆಗಳಿದ್ದರೆ ಮಕ್ಕಳು ಒಂದು ತೆಗೆದುಕೊಳ್ಳಬಹುದು, ಬದಲಿಗೆ ಒಂದು ಇಡಬೇಕು. ನನ್ನ ಮಗಳು ಒಂದು ಗೋಲಿ ಇಟ್ಟಳು. ತಿನ್ನುವುದನ್ನು ಮಾತ್ರ ಇಡಬೇಡಿ, ವಾಸನೆಗೆ ನರಿಯೋ ಇಲಿಯೋ ಬಂದು ಡಬ್ಬಿ ಕಡಿದುಹಾಕುತ್ತದೆ. ನಂಬರ್ ಇರುವ ಲೋಹದ ಬಿಲ್ಲೆ ಕಂಡರೆ ಅದು ಆಟಿಕೆ ಅಲ್ಲ. ಡಬ್ಬಿಯಿಂದ ಡಬ್ಬಿಗೆ ಪ್ರಯಾಣ ಮಾಡುವ ವಸ್ತು. ತೆಗೆದುಕೊಂಡರೆ ಇನ್ನೊಂದು ಡಬ್ಬಿಗೆ ಮುಟ್ಟಿಸುವುದು ನಿಮ್ಮ ಹೊಣೆ.

ಡಬ್ಬಿಯೇ ಇಲ್ಲದ ಕ್ಯಾಶ್

ಇಂಥ ದಾರಿಯಲ್ಲಿ ನನಗೆ ಬಹಳ ಇಷ್ಟವಾದದ್ದು ಅರ್ತ್‌ಕ್ಯಾಶ್. ಅಲ್ಲಿ ಬಚ್ಚಿಟ್ಟದ್ದು ಏನೂ ಇರುವುದಿಲ್ಲ. ಆ ಜಾಗಕ್ಕೆ ಹೋಗಿ, ಬಂಡೆಯನ್ನೋ ಮಣ್ಣನ್ನೋ ನೋಡಿ, ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆದು, ಅದನ್ನು ಇಟ್ಟವರಿಗೆ ಕಳಿಸಬೇಕು. ಉತ್ತರವನ್ನು ಎಲ್ಲರಿಗೂ ಕಾಣುವಂತೆ ಹಾಕಬಾರದು. ಬಿಳಿ ಗೋಡೆಯಲ್ಲಿ ಅಡ್ಡಡ್ಡ ಕಪ್ಪು ಗೆರೆಗಳು ಕಾಣುತ್ತವಲ್ಲ, ಅವು ಚಕಮಕಿ ಕಲ್ಲಿನ ಸಾಲು. ಬಿಳಿಯದು 8 ಕೋಟಿ ವರ್ಷಕ್ಕೂ ಹಿಂದೆ ಕಡಲ ತಳದಲ್ಲಿ ಕೂತ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಚಿಪ್ಪು. ದಾರಿಯಲ್ಲಿ ಬಿದ್ದಿದ್ದ ಒಂದು ಚೂರಿನಿಂದ ಮಗಳು ಚಪ್ಪಟೆ ಕಲ್ಲಿನ ಮೇಲೆ ‘ಅ’ ಬರೆದಳು. ಚೆನ್ನಾಗಿಯೇ ಬಂತು. ‘ನಾವು ಶಾಲೆಯಲ್ಲಿ ಸೀಮೆಸುಣ್ಣ ಅಂತಿದ್ವಲ್ಲ, ಆ ಸೀಮೆ ಇದೇನಾ!’ ಅಂತ ಅಮ್ಮ ನಕ್ಕಳು.

ಸಾಲಿನ ಗುಟ್ಟು

ಸಾಲಾಗಿ ಇಟ್ಟವರಲ್ಲಿ ಕೆಲವರು ಪ್ರತಿ ಡಬ್ಬಿಯ ಮುಚ್ಚಳದೊಳಗೆ ಒಂದು ಅಂಕಿ ಬರೆದಿರುತ್ತಾರೆ. ಎಲ್ಲ ಅಂಕಿ ಜೋಡಿಸಿದರೆ ಕೊನೆಯ ಬೋನಸ್ ಡಬ್ಬಿಯ ಜಾಗ ಗೊತ್ತಾಗುತ್ತದೆ. ಮುಚ್ಚಳದ ಫೋಟೊ ತೆಗೆದುಕೊಳ್ಳಿ. ‘ನೆನಪಿರುತ್ತೆ ಬಿಡು’ ಅನ್ನಬೇಡಿ, ಇರುವುದಿಲ್ಲ. ಒಂದು ಅಂಕಿ ತಪ್ಪಿದರೂ ಹತಾಶೆ ಬೇಡ. ಆ ಜಾಗಕ್ಕೆ 0ಯಿಂದ 9ರವರೆಗೆ ಹಾಕಿ ನೋಡಿ. ಕೆಲವು ಕಡಲಿನಲ್ಲಿ ಬೀಳುತ್ತವೆ, ಕೆಲವು ಯಾರದೋ ಹೊಲದ ನಡುವೆ. ದಾರಿಯ ಪಕ್ಕ ಬೀಳುವುದು ಒಂದೋ ಎರಡೋ.

ಪೂರ್ತಿ ದಾರಿಯನ್ನು ಒಂದೇ ದಿನ ಮಾಡಬೇಕೆಂದಿಲ್ಲ. ಸೀಫರ್ಡ್, ಎಕ್ಸೀಟ್, ಈಸ್ಟ್‌ಬೋರ್ನ್ ಮೂರೂ 12ನೇ ನಂಬರ್ ಬಸ್ಸಿನ ದಾರಿಯಲ್ಲೇ ಇವೆ. ಒಬ್ಬನೇ ಹೋದಾಗ ನಾನು ಒಂದೇ ದಿನ ನಡೆದು ಕಾಲು ಹಿಡಿದುಕೊಂಡೆ. ಅಮ್ಮನ ಜೊತೆ ಎರಡು ಭಾನುವಾರಕ್ಕೆ ಹಂಚಿಕೊಂಡೆವು. ಮೊದಲ ದಿನ ಎಕ್ಸೀಟ್‌ವರೆಗೆ, ಎರಡನೆಯ ದಿನ ಅಲ್ಲಿಂದ ಮುಂದೆ. ಬರ್ಲಿಂಗ್ ಗ್ಯಾಪ್‌ನ ಕೆಫೆಯಲ್ಲಿ ಚಹಾ, 162 ಮೀಟರ್ ಎತ್ತರದ ಬೀಚಿ ಹೆಡ್ ಮೇಲೆ ಬುತ್ತಿ, ಕೆಳಗೆ ನೀರಿನಲ್ಲಿ ನಿಂತ ಕೆಂಪು ಬಿಳಿ ಪಟ್ಟೆಯ ದೀಪಸ್ತಂಭ.

ವಾಪಸ್ ರೈಲಿನಲ್ಲಿ ಆ್ಯಪ್‌ನಲ್ಲಿ ಬರೆಯುವ ಕೆಲಸ. ಬರೀ ‘ಥ್ಯಾಂಕ್ಸ್’ ಅಂತ ಬರೆದು ಕೈತೊಳೆದುಕೊಳ್ಳಬೇಡಿ. ಡಬ್ಬಿ ಇಟ್ಟವರಿಗೆ ಸಿಗುವ ಸಂಬಳ ನಿಮ್ಮ ಆ ನಾಲ್ಕು ಸಾಲು ಮಾತ್ರ. ಸಿಗದಿದ್ದರೂ ‘ಸಿಗಲಿಲ್ಲ’ ಅಂತ ಹಾಕಿ. ಚೀಟಿ ಒದ್ದೆ ಇದ್ದರೆ, ಮುಚ್ಚಳ ಒಡೆದಿದ್ದರೆ ತಿಳಿಸಿ. ಅಡಗಿಸಿದ ಜಾಗ ಗೊತ್ತಾಗುವ ಫೋಟೊ ಬೇಡ.

ಮಗಳು ಅಂಕಿಗಳನ್ನು ಜೋಡಿಸುತ್ತಿದ್ದಳು. ಒಂದು ಸಿಕ್ಕಿರಲಿಲ್ಲ, ಹತ್ತೂ ಹಾಕಿ ನೋಡಿದಳು. ಒಂಬತ್ತು ಕಡಲು ಹೊಲದ ಪಾಲಾಗಿ, ಉಳಿದ ಒಂದು ಕಕ್‌ಮಿಯರ್ ಹೊಳೆಯ ಆಚೆ ದಡದಲ್ಲಿ, ಸೀಫರ್ಡ್ ಕಡೆ ಬಿತ್ತು. ನಾವು ಹೋದ ವಾರವೇ ದಾಟಿ ಬಂದ ಜಾಗ.

‘ಹಾಗಾದ್ರೆ ಬರೋ ಭಾನುವಾರ ಇನ್ನೊಂದ್ಸಲ’ ಅಂದಳು ಅಮ್ಮ. ‘ಸೇತುವೆ ಎಲ್ಲಿದೆ ಅಂತ ಮೊದಲೇ ನೋಡ್ಕೋ.’